ಒಂದೇ ಹುಣ್ಣಿಮೆ, ಹಲವು ಹೆಸರು



ನಿಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆಶ್ವಯುಜ ಮಾಸದ ಹುಣ್ಣಿಮೆಯ ದಿನವನ್ನೊಮ್ಮೆ ಹುಡುಕಿ ನೋಡಿರಿ. ಸರಕಾರದ ರಜಾಪಟ್ಟಿಯ ಪ್ರಕಾರ ಅದು ಮಹರ್ಷಿ ವಾಲ್ಮೀಕಿ ಜಯಂತಿ. ಮಲೆನಾಡಿನ ರೈತರಿಗೆ ಅದೇ ದಿನ ಭೂಮಿ ಹುಣ್ಣಿಮೆ. ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಎರೆಹೊಲದ ಸೀಮೆಯಲ್ಲಿ ಅದು ಸೀಗೆ ಹುಣ್ಣಿಮೆ; ಆಡುಮಾತಿನಲ್ಲಿ ‘ಸೀಗಿ ಹುಣ್ಣಿವಿ’. ಆಕಾಶದಲ್ಲಿ ಮೂಡುವ ಚಂದ್ರ ಒಬ್ಬನೇ. ಅವನನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರ ಮೇಲೆ ನಾವು ಯಾರು, ಎಲ್ಲಿಯವರು, ಯಾರ ಜೊತೆಯವರು ಎಂಬುದು ಗೊತ್ತಾಗಿಬಿಡುತ್ತದೆ. ಹಬ್ಬದ ಆಚರಣೆಯ ಕುರಿತು ನಾವು ಬಹಳಷ್ಟು ಬರೆದಿದ್ದೇವೆ, ಪ್ರಸಂಗಿಸಿದ್ದೇವೆ. ಹಬ್ಬದ ಹೆಸರನ್ನೇ ಒಂದು ಪಠ್ಯವೆಂದು ಭಾವಿಸಿ ವಿಮರ್ಶಿಸುವ ಗೋಜಿಗೆ ಹೋದದ್ದು ಕಡಿಮೆ. ಈ ಲೇಖನದಲ್ಲಿ ಅಂಥದೊಂದು ಪ್ರಯತ್ನವಿದೆ.

‘ಹಬ್ಬ’ ಎಂಬ ಮಾತು ಸಂಸ್ಕೃತದ ‘ಪರ್ವ’ದ ತದ್ಭವ. ಪರ್ವವೆಂದರೆ ಗೆಣ್ಣು, ಕಬ್ಬಿನ ಜಲ್ಲೆಯಲ್ಲಿ, ಬಿದಿರಿನಲ್ಲಿ ಕಾಣುವಂಥ ಸಂದು. ವರುಷವೆಂಬ ಉದ್ದನೆಯ ಜಲ್ಲೆಗೆ ಗೆಣ್ಣುಗಳಿದ್ದರೆ ತಾನೆ ಅದು ನೆಟ್ಟಗೆ ನಿಂತೀತು? ಆ ಗೆಣ್ಣುಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ಕೇಳಿರಿ. ಜ್ಯೇಷ್ಠದ ಹುಣ್ಣಿಮೆ ಕಾರ ಹುಣ್ಣಿಮೆ. ‘ಕಾರು’ ಎಂದರೆ ಮಳೆಗಾಲ. ಎತ್ತುಗಳನ್ನು ಮೀಯಿಸಿ, ಕೋಡಿಗೆ ಬಣ್ಣ ಹಚ್ಚಿ, ಓಡಿಸಿ ‘ಕರಿ’ ಹರಿಯುವ ದಿನವದು. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರುಷ ಮುಂಗಾರಿ ಬೆಳೆಯೋ ಹಿಂಗಾರಿ ಬೆಳೆಯೋ ಎಂದು ಊರು ಲೆಕ್ಕ ಹಾಕುತ್ತದೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಆ ದಿನ ಮೈಯುಳ್ಳ ಎತ್ತಿಗೆ ಬದಲು ಎರೆಮಣ್ಣಿನ ಎತ್ತಿಗೆ ಗೌರವ. ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಕೊನೆಗೆ ಜೋಕುಮಾರ. ಮಣ್ಣೆತ್ತು ಸೇರಿ ಇವು ಐದೂ ಮಣ್ಣಿನಿಂದಲೇ ಆದವು. ಪಂಚಮಿಯ ಮುನ್ನಾದಿನಗಳಲ್ಲಿ ಬರುವ ರೊಟ್ಟಿ ಹಬ್ಬವನ್ನಂತೂ ಮರೆಯುವಂತಿಲ್ಲ. ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಗಳು ಅಂದು ಮನೆಯಿಂದ ಮನೆಗೆ ನಡೆಯುತ್ತವೆ. ದೇವರ ಹೆಸರಿಲ್ಲದೆ ಬರಿಯ ರೊಟ್ಟಿಯ ಹೆಸರಿನಲ್ಲಿ ಹಬ್ಬವೊಂದನ್ನು ಮಾಡಿದ ಜನ ನಮ್ಮ ನೆರೆಹೊರೆಯವರು!

ಮಾರ್ಗಶಿರ ಮುಗಿಯುವಾಗ ಎಳ್ಳ ಅಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ನಡುವೆ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಹತ್ತು ಮಂದಿಯೊಡನೆ ಉಣ್ಣುವ ದಿನ.

ಈ ಹೆಸರುಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ಬಹುಮಟ್ಟಿಗೆ ಇವು ಹಬ್ಬ ಯಾರದೆಂದು ಹೇಳುವುದಿಲ್ಲ. ಆ ದಿನ ಏನು ಮಾಡುತ್ತಾರೆ, ಕೈಯಲ್ಲಿ ಏನಿರುತ್ತದೆ, ಹೊಲ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳುತ್ತವೆ. ಕೆಲಸದಿಂದ ಹುಟ್ಟಿದ ಹೆಸರನ್ನು ಆ ಕೆಲಸ ಮಾಡುವ ಯಾರೂ ಉಚ್ಚರಿಸಬಹುದು. ನೇಕಾರಿಕೆಗೆ ಹೆಸರಾದ ಗಜೇಂದ್ರಗಡದಲ್ಲಿ ಶ್ರಾವಣದ ಹುಣ್ಣಿಮೆಗೆ ‘ನೂಲ ಹುಣ್ಣಿಮೆ’ ಎಂದರೆ ಆ ಮಾತಿಗೆ ಮಗ್ಗದ ಸದ್ದೂ ಬಂದು ಕೂಡಿಕೊಳ್ಳುತ್ತದೆ. ಆದರೆ ಇಂದು ಶಾಲೆಗೆ ಹೋಗುವ ಮಗುವನ್ನು ಕೇಳಿದರೆ ಅದು ‘ರಕ್ಷಾಬಂಧನ’ ಎನ್ನುತ್ತದೆ. ಉತ್ತರ ಭಾರತದಿಂದ ಬಂದ ಆ ಹೆಸರಿನಲ್ಲಿ ತಪ್ಪೇನೂ ಇಲ್ಲ. ಹೊಸ ಹೆಸರು ಬಂದು ಕುಳಿತಾಗ ಹಳೆಯದು ಎದ್ದು ಹೋದದ್ದನ್ನು ಯಾರೂ ಗಮನಿಸಲಿಲ್ಲ, ಅಷ್ಟೆ.

ರಾಜ್ಯದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಓದಿದರೆ ಈ ಮಣ್ಣಿನ ಹೆಸರುಗಳು ಕಾಣುವುದಿಲ್ಲ. ಕಾರ ಹುಣ್ಣಿಮೆ ಇಲ್ಲ, ಸೀಗೆ ಇಲ್ಲ, ಎಳ್ಳ ಅಮಾವಾಸ್ಯೆ ಇಲ್ಲ. ಗಣಪ್ಪನ ಹಬ್ಬ ಅಲ್ಲಿ ‘ವರಸಿದ್ಧಿ ವಿನಾಯಕ ವ್ರತ’ವಾಗಿದೆ. ನಮ್ಮ ಓಣಿಯಲ್ಲಿ ಯಾರ ಬಾಯಲ್ಲಿಯೂ ಕೇಳಿಬರದ ಹೆಸರದು. ಉಳಿದಂತೆ ಪಟ್ಟಿಯಲ್ಲಿ ಎದ್ದು ಕಾಣುವ ಪದ ‘ಜಯಂತಿ’: ಮಹಾವೀರ, ಬಸವ, ಅಂಬೇಡ್ಕರ್, ಗಾಂಧಿ, ವಾಲ್ಮೀಕಿ, ಕನಕದಾಸ. ಇಲ್ಲಿ ಆತುರದ ತೀರ್ಪು ಸಲ್ಲದು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಆರಂಭಿಸಿದಾಗ ಅದು ಒಂದು ಸಮಾಜವನ್ನು ಎಚ್ಚರಿಸುವ ಕಾರ್ಯವಾಗಿತ್ತು. ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲದಿದ್ದ ಸಮುದಾಯಗಳಿಗೆ ಜಯಂತಿಯ ಒಂದು ದಿನ ದೊರೆತದ್ದು ಮಾನ ದೊರೆತಂತೆ. ಅದನ್ನು ಹಗುರವಾಗಿ ಕಾಣುವ ಹಕ್ಕು ಅಲ್ಪಸಂಖ್ಯಾತರಾದ ನಮಗಂತೂ ಇಲ್ಲ. ಆದರೂ ಜಯಂತಿಯೆಂಬ ಹೆಸರಿಗೆ ಒಂದು ಮಿತಿಯುಂಟು. ಅದನ್ನು ಕೇಳಿದವನ ಮನಸ್ಸಿನಲ್ಲಿ ‘ಇದು ಯಾರವರ ಹಬ್ಬ?’ ಎಂಬ ಪ್ರಶ್ನೆ ಮೊದಲು ಮೂಡುತ್ತದೆ. ಸೀಗೆ ಹುಣ್ಣಿಮೆಯನ್ನು ಕುರಿತು ಹಾಗೆ ಯಾರೂ ಕೇಳುವುದಿಲ್ಲ.

ಹೆಸರಿನ ಈ ವ್ಯಾಪಾರ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಬಹುಕಾಲ ಪರರ ಆಳ್ವಿಕೆಯಲ್ಲಿದ್ದ ಐರ್ಲೆಂಡ್ ದೇಶದ ನಿದರ್ಶನ ಇಲ್ಲಿ ಉಪಯುಕ್ತ. ಕ್ರಿಸ್ಮಸ್ಸಿನ ಮರುದಿನ, ಡಿಸೆಂಬರ್ 26ನ್ನು, ಇಂಗ್ಲೆಂಡಿನವರು ‘ಬಾಕ್ಸಿಂಗ್ ಡೇ’ ಎನ್ನುತ್ತಾರೆ. ಬ್ರಿಟಿಷ್ ಆಡಳಿತದಲ್ಲೇ ಉಳಿದಿರುವ ಉತ್ತರ ಐರ್ಲೆಂಡಿನ ರಜಾಪಟ್ಟಿಯಲ್ಲಿಯೂ ಅದೇ ಹೆಸರು. ಗಡಿ ದಾಟಿ ಐರ್ಲೆಂಡ್ ಗಣರಾಜ್ಯಕ್ಕೆ ಬಂದರೆ ಅದೇ ದಿನ ‘ಸಂತ ಸ್ತೆಫನನ ದಿನ’. ಐರಿಷ್ ಭಾಷೆಯಲ್ಲಿ ಅದಕ್ಕೆ ಇನ್ನೂ ಒಂದು ಹೆಸರುಂಟು, ಪುಟ್ಟ ಹಕ್ಕಿಯೊಂದರ ಹೆಸರು; ಹುಡುಗರು ಆ ಹಕ್ಕಿಯನ್ನು ಕೋಲಿಗೆ ಕಟ್ಟಿ ಹಾಡುತ್ತ ಮನೆಮನೆಗೆ ತಿರುಗುತ್ತಿದ್ದ ಹಳೆಯ ರೂಢಿಯಿಂದ ಬಂದದ್ದು. ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆಮನೆಗೆ ಹಾಡುತ್ತ ಬರುವ ನಮ್ಮ ಹೆಣ್ಣುಮಕ್ಕಳ ನೆನಪಾಗದೆ ಇರದು. ಒಂದೇ ದ್ವೀಪ, ಒಂದೇ ದಿನ. ಬಾಯಿಂದ ಬರುವ ಹೆಸರೇ ಒಮ್ಮೊಮ್ಮೆ ಗಡಿಯಾಗುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಐರಿಷ್ ಭಾಷೆಯಲ್ಲಿ ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಹೆಸರುಗಳು ಕ್ರೈಸ್ತಪೂರ್ವ ಕಾಲದ ದನಕರುಗಳ, ಸುಗ್ಗಿಯ ಹಬ್ಬಗಳ ಹೆಸರುಗಳೇ ಆಗಿವೆ. ಒಂದೂವರೆ ಸಾವಿರ ವರುಷಗಳ ಕ್ರೈಸ್ತ ಸಭೆಯ ಬದುಕು ಅವುಗಳನ್ನು ಅಳಿಸಲಿಲ್ಲ. 2023ರಲ್ಲಿ ಆ ದೇಶವು ಸಂತ ಬ್ರಿಜಿಡ್ಡಳ ಹೆಸರಿನಲ್ಲಿ ಹೊಸದೊಂದು ಸಾರ್ವಜನಿಕ ರಜೆಯನ್ನು ಆರಂಭಿಸಿತು. ಸಂತ ಪ್ಯಾಟ್ರಿಕನ ದಿನವೊಂದೇ ನಾಡಿನ ಗುರುತಾಗಿದ್ದ ಪಟ್ಟಿಯಲ್ಲಿ ಒಬ್ಬ ಸ್ತ್ರೀಯ ಹೆಸರೂ ಸೇರಿತು.

ನಮ್ಮ ಸೀಮೆಯ ಜನರೂ ಹೆಸರಿಗಾಗಿ ಹೀಗೆಯೇ ಕಾದವರು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ದ.ರಾ. ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ನವರಾತ್ರಿಯ ದಿನಗಳನ್ನು ‘ನಾಡಹಬ್ಬ’ವೆಂದು ಕರೆದರು. ನಾಡೇ ಒಂದಾಗಿರದಾಗ ನಾಡಿನ ಹಬ್ಬ! ಹೆಸರು ಮೊದಲು ಬಂತು, ನಾಡು ಆಮೇಲೆ ಬಂತು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಆದರೆ ಅದರ ಹೆಸರು ಮೈಸೂರು ಎಂದೇ ಉಳಿಯಿತು. ರೋಣದ ರೈತನೊಬ್ಬ ನವೆಂಬರ್ ಒಂದರಂದು ತನ್ನದಲ್ಲದ ಹೆಸರಿನ ರಾಜ್ಯದ ಹುಟ್ಟುಹಬ್ಬವನ್ನು ಹದಿನೇಳು ವರುಷ ನೋಡಬೇಕಾಯಿತು. ಅದೇ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ದುಡಿದಂತೆ ‘ಕರ್ನಾಟಕ’ ಎಂಬ ಹೆಸರಿಗಾಗಿಯೂ ದನಿಯೆತ್ತಿದವರು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಹೆಸರಲ್ಲೇನಿದೆ ಎನ್ನುವವರು ಜಕ್ಕಲಿಯ ಕಡೆಗೊಮ್ಮೆ ಹೋಗಿ ಬರಲಿ.

ನರಗುಂದದಲ್ಲಿ ಪಟ್ಟಿಗೆ ಸೇರದ ದಿನವೊಂದಿದೆ, ಜುಲೈ 21. ಮಲಪ್ರಭೆಯ ಕಾಲುವೆ ನೀರಿಗೆ ಸಂಬಂಧಿಸಿದ ಕರಗಳನ್ನು ವಿರೋಧಿಸಿ 1980ರಲ್ಲಿ ಎದ್ದ ರೈತರ ಮೇಲೆ ಅಂದು ಗೋಲಿಬಾರ್ ನಡೆದು, ಈರಪ್ಪ ಕಡ್ಲಿಕೊಪ್ಪ ಎಂಬ ರೈತ ಮಡಿದನು. ಆ ದಿನಕ್ಕೆ ಜನರಿಟ್ಟ ಹೆಸರು ‘ರೈತ ಹುತಾತ್ಮ ದಿನ’. ಪ್ರತಿವರ್ಷ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಸರಕಾರ ರಜೆ ಕೊಡಲಿಲ್ಲ. ಜನ ಕೇಳಿಯೂ ಕಾಯಲಿಲ್ಲ, ಹೆಸರಿಟ್ಟುಬಿಟ್ಟರು. ಇದರಲ್ಲಿ ನಾಡಿನ ಕೃಷಿಕನ ಸ್ವಾಭಿಮಾನವಿದೆ. ಆದರೂ ವಿಮರ್ಶಕನು ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರನು. ಅದೇ ದಿನ ಅದೇ ಊರಿನಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಅವರ ಮನೆಗಳಲ್ಲಿ ಆ ದಿನಕ್ಕೆ ಏನೆಂದು ಹೆಸರು? ಒಂದು ದಿನಕ್ಕೆ ಹೆಸರಿಟ್ಟಾಗ ಕೆಲವರು ಒಳಗೆ ಬರುತ್ತಾರೆ, ಕೆಲವರು ಹೊಸ್ತಿಲಾಚೆ ಉಳಿಯುತ್ತಾರೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಈ ಭಾಗದ ಹಳ್ಳಿಗಳಲ್ಲಿ ಮೊಹರಮ್ಮಿಗೆ ಜನ ‘ಅಲಾಯಿ ಹಬ್ಬ’ ಎನ್ನುತ್ತಾರೆ. ಬೆಂಕಿಯ ಕುಣಿಗೆ ‘ಅಲಾವ’ ಎನ್ನುವುದರಿಂದ ಬಂದ ಹೆಸರು. ಅರಬ್ ದೇಶದಿಂದ ಬಂದ ಶೋಕದ ದಿನವೊಂದಕ್ಕೆ ಇಲ್ಲಿನ ಜನ ತಾವು ಕಂಡದ್ದರ, ಮಾಡಿದ್ದರ ಹೆಸರಿಟ್ಟು ತಮ್ಮದಾಗಿಸಿಕೊಂಡರು. ಅನೇಕ ಹಳ್ಳಿಗಳಲ್ಲಿ ಹೆಜ್ಜೆಮೇಳದಲ್ಲಿ ಕುಣಿಯುವವರಲ್ಲಿ ಮುಸ್ಲಿಮರಿಗಿಂತ ಇತರರೇ ಹೆಚ್ಚು. ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ನೂರೆಂಬತ್ತಕ್ಕೂ ಹೆಚ್ಚು ವರುಷಗಳು ಸಂದಿವೆ. ನಮ್ಮ ಯಾವ ಹಬ್ಬಕ್ಕೆ ನೆರೆಯವರು ಹೀಗೊಂದು ಹೆಸರಿಟ್ಟಿದ್ದಾರೆ? ಅವರು ‘ಕ್ರಿಸ್ಮಸ್’ ಎನ್ನುತ್ತಾರೆ, ‘ಈಸ್ಟರ್’ ಎನ್ನುತ್ತಾರೆ. ನಾವೂ ಹಾಗೆಯೇ ಕಲಿಸಿದ್ದೇವೆ. ಮರಾಠಿಯಲ್ಲಿ ಕ್ರಿಸ್ಮಸ್ಸಿಗೆ ‘ನಾತಾಳ’ ಎನ್ನುವರು; ಪೋರ್ತುಗೀಸರಿಂದ ಬಂದ ಈ ಮಾತಿನ ಮೂಲವಾದ ಲ್ಯಾಟಿನ್ ಪದದಿಂದಲೇ ಐರಿಷರ ‘ನೊಲಿಗ್’ ಕೂಡ ಹುಟ್ಟಿದೆ. ಆ ಎರಡು ಜನಾಂಗಗಳೂ ಬಂದ ಮಾತನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವು.

ಹಾಗೆಂದು ನಮ್ಮಲ್ಲಿ ಹೆಸರುಗಳ ಬಡತನವಿರಲಿಲ್ಲ. ಹಳೆಯ ಕನ್ನಡ ಸತ್ಯವೇದವನ್ನು ತೆರೆದು ನೋಡಿರಿ. ಅಲ್ಲಿ ಪಸ್ಕಹಬ್ಬವಿದೆ, ಪರ್ಣಶಾಲೆಗಳ ಜಾತ್ರೆಯಿದೆ. ಇಸ್ರಾಯೇಲರು ಗುಡಾರಗಳಲ್ಲಿ ವಾಸಿಸಿ ಬೆಳೆಯ ಸಂಗ್ರಹವನ್ನು ಸಂಭ್ರಮಿಸಿದ ಹಬ್ಬಕ್ಕೆ ‘ಜಾತ್ರೆ’ ಎಂಬ ಪದವನ್ನು ಆರಿಸಿದ ಭಾಷಾಂತರಕಾರರಿಗೆ ಈ ನಾಡಿನ ತೇರು, ಬಂಡಿ, ಬುತ್ತಿ, ಜನಸಂದಣಿ ಚೆನ್ನಾಗಿ ಗೊತ್ತಿತ್ತು. ಒಂದು ವಿದೇಶೀ ಹಬ್ಬ ಆ ಒಂದು ಪದದ ಬಲದಿಂದ ಕಾಲಕಾಲೇಶ್ವರದ ಹಾದಿಯನ್ನು ಬಲ್ಲ ಓದುಗನಿಗೆ ಕಣ್ಣಿಗೆ ಕಟ್ಟುತ್ತದೆ. ನಮ್ಮ ಸಭೆಗಳ ‘ಬೆಳೆಹಬ್ಬ’ವೂ ಅಂಥದೇ ಆರೋಗ್ಯವಂತ ಹೆಸರು. ಕುಂಬಳಕಾಯಿ, ಜೋಳದ ತೆನೆ, ಕಡಲೆಯ ಚೀಲಗಳನ್ನು ವೇದಿಕೆಯ ಮುಂದಿಟ್ಟು ಹರಾಜು ಕೂಗುವಾಗ ಪಕ್ಕದ ಮನೆಯವರು ಬಂದು ನಿಂತರೆ ಅವರಿಗೆ ಏನನ್ನೂ ವಿವರಿಸಬೇಕಾಗಿಲ್ಲ.

ತೀರ ತೊಡಕಾಗಿರುವುದು ‘ಗುಡ್ ಫ್ರೈಡೇ’. ಅದನ್ನು ಪದಕ್ಕೆ ಪದವಿಟ್ಟು ‘ಶುಭ ಶುಕ್ರವಾರ’ ಎಂದೆವು. ಆ ಇಂಗ್ಲಿಷ್ ಹೆಸರಿನಲ್ಲಿ ‘ಪವಿತ್ರ’ ಎಂಬ ಹಳೆಯ ಅರ್ಥವಿದೆಯೆಂದು ಪಂಡಿತರು ಹೇಳುತ್ತಾರೆ. ಕನ್ನಡದ ‘ಶುಭ’ಕ್ಕೆ ಆ ನೆರಳಿಲ್ಲ. ಶುಭವೆಂದರೆ ಮದುವೆ, ಶುಭವೆಂದರೆ ಗೃಹಪ್ರವೇಶ. ಹೀಗಾಗಿ ಶಿಲುಬೆಯ ಮೂರು ತಾಸಿನ ಆರಾಧನೆ ಮುಗಿಸಿ ಮೌನವಾಗಿ ಹೊರಬಂದವನ ಕೈಕುಲುಕಿ, ಒಳ್ಳೆಯ ಮನಸ್ಸಿನ ನೆರೆಯವನೊಬ್ಬ ‘ಹಬ್ಬದ ಶುಭಾಶಯಗಳು’ ಎನ್ನುತ್ತಾನೆ. ಅವನದೇನೂ ತಪ್ಪಿಲ್ಲ. ನಾವೇ ಕೊಟ್ಟ ಹೆಸರನ್ನು ಅವನು ನಂಬಿದ್ದಾನೆ. ನಮಗೆ ಸುವಾರ್ತೆ ತಂದ ಬಾಸೆಲ್ ಮಿಶನರಿಗಳ ಜರ್ಮನ್ ಭಾಷೆಯಲ್ಲಿ ಆ ದಿನದ ಹೆಸರಿಗೆ ಗೋಳಿನ ಶುಕ್ರವಾರವೆಂಬ ಅರ್ಥವಿದೆ. ಐರಿಷರು ಅದನ್ನು ‘ಶಿಲುಬೆಯ ಯಾತನೆಯ ಶುಕ್ರವಾರ’ ಎನ್ನುತ್ತಾರೆ. ಆಳಿದವರ ಭಾಷೆಯ ‘ಗುಡ್’ ಅವರ ಸ್ವಂತ ಮಾತಿನಲ್ಲಿ ನುಸುಳಲಿಲ್ಲ. ಸತ್ತವರ ಮನೆಗೆ ಹೋದಾಗ ಏನು ಮಾತಾಡಬೇಕೆಂದು ನಮ್ಮ ಎರೆಸೀಮೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಅದು ಸಾವಿನ ದಿನವೆಂದು ಹೆಸರಿನಲ್ಲೇ ತಿಳಿದಿದ್ದರೆ ಸಾಕಿತ್ತು.

ಮುಂಬರುವ ವರುಷದ ಸಭಾ ಕ್ಯಾಲೆಂಡರುಗಳು ಸಾಮಾನ್ಯವಾಗಿ ನವೆಂಬರಿನ ಹೊತ್ತಿಗೆ ಅಚ್ಚಿಗೆ ಹೋಗುತ್ತವೆ. ಆ ದಿನದ ಚೌಕದಲ್ಲಿ ಏನು ಬರೆಯಬೇಕೆಂಬುದನ್ನು ಪಟ್ಟಿ ತಯಾರಿಸುವವರು ನಿರ್ಧರಿಸುವ ಮೊದಲು, ರೋಣದಲ್ಲೋ ನರಗುಂದದಲ್ಲೋ ಇರುವ ನಮ್ಮ ಹಿರಿಯ ಹೆಂಗಸರನ್ನು ಒಮ್ಮೆ ಕೇಳಬಹುದು. ಕಾರ ಹುಣ್ಣಿಮೆಯೂ ಮಣ್ಣೆತ್ತಿನ ಅಮಾವಾಸ್ಯೆಯೂ ಅಂಥವರ ಬಾಯಿಂದಲೇ ನಮ್ಮವರೆಗೆ ಬಂದ ಹೆಸರುಗಳು.