ಡಗ್ಗಾದ ಪಕ್ಕದ ಬೇಸ್ ಗಿಟಾರ್

ಶಿವಮೊಗ್ಗ, ಭದ್ರಾವತಿಯ ರಸಮಂಜರಿ ವೇದಿಕೆಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದು ಯಾರ ಕಿವಿಗೂ ಸರಿಯಾಗಿ ಬೀಳದ ವಾದ್ಯವೊಂದಿದ್ದರೆ ಅದು ಬೇಸ್ ಗಿಟಾರ್. ಗಣೇಶನ ಪೆಂಡಾಲಿರಲಿ, ದಸರಾ ಇರಲಿ, ನವೆಂಬರಿನ ರಾಜ್ಯೋತ್ಸವವಿರಲಿ, ಎರಡನೇ ಹಾಡು ಮುಗಿಯುವ ಹೊತ್ತಿಗೆ ಜನರ ನಡುವಿನಿಂದ ‘ಬೇಸ್ ಜಾಸ್ತಿ ಕೊಡ್ರೀ’ ಎಂಬ ಕೂಗು ಬಂದೇ ಬರುತ್ತದೆ. ಸೌಂಡಿನವರು ಮಿಕ್ಸರಿನ ಲೋ ಗುಂಡಿ ತಿರುಗಿಸುತ್ತಾರೆ. ಎದೆ ನಡುಗುತ್ತದೆ, ಪ್ಲಾಸ್ಟಿಕ್ ಕುರ್ಚಿ ನಡುಗುತ್ತದೆ. ಗಿಟಾರಿನವನು ಷಡ್ಜ ಹಿಡಿದನೋ ಪಂಚಮ ಹಿಡಿದನೋ ಎನ್ನುವುದು ಮಾತ್ರ ಪಕ್ಕದಲ್ಲಿ ನಿಂತ ಗಾಯಕನಿಗೂ ಗೊತ್ತಾಗುವುದಿಲ್ಲ.

ಕೇಳುಗರನ್ನೂ ಸೌಂಡಿನವರನ್ನೂ ದೂರಿ ಸುಮ್ಮನಾಗುವಂತಿಲ್ಲ. ನುಡಿಸುವವರ ಪಾಲೂ ಇದರಲ್ಲಿದೆ. ದನಿ ಹಿಡಿಸದಿದ್ದಾಗ ನಮ್ಮ ಬೇಸಿಸ್ಟುಗಳ ಮನಸ್ಸಿಗೆ ಮೊದಲು ಬರುವುದು ಹೊಸ ಗಿಟಾರು. ಅದಕ್ಕೆ ದುಡ್ಡು ಸಾಲದಿದ್ದರೆ ಹೊಸ ಪಿಕಪ್ಪು. ಆಮೇಲೆ ತಂತಿ. ಸೆಟಪ್, ಅಂದರೆ ನೆಕ್ಕಿನ ಬಾಗು, ತಂತಿಯ ಎತ್ತರ ಸರಿಪಡಿಸುವುದು, ಕಟ್ಟಕಡೆಗೆ, ಅದೂ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನತೊಡಗಿದ ಮೇಲೆ. ಈ ಸರದಿಯೇ ತಲೆಕೆಳಗಾಗಿದೆ ಎನ್ನುವುದು ನನ್ನ ತಕರಾರು. ಇನ್ನೊಂದು ತಕರಾರೂ ಇದೆ: ಯಾವ ದನಿ ಬೇಕು ಎಂದು ನಿರ್ಧರಿಸುವಾಗ ನಾವು ಪರದೇಶದ ರಾಕ್ ಬ್ಯಾಂಡುಗಳ ಕಡೆ ನೋಡುತ್ತೇವೆಯೇ ಹೊರತು ನಮ್ಮದೇ ವೇದಿಕೆಯಲ್ಲಿ ಎರಡು ಅಡಿ ಆಚೆ ಕೂತಿರುವ ತಬಲಾದವರ ಕಡೆ ನೋಡುವುದಿಲ್ಲ.

ವಾದ್ಯದ ಹಿನ್ನೆಲೆ ಚಿಕ್ಕದು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಿಸಲು ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದ. ನಟ್‌ನಿಂದ ಬ್ರಿಡ್ಜ್‌ವರೆಗೆ 34 ಇಂಚು ಉದ್ದದ ನಾಲ್ಕು ತಂತಿ. ದಪ್ಪ ತಂತಿಯ ಇ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ, ತೆಳು ತಂತಿಯ ಜಿ 98. ಇವತ್ತಿಗೂ ಬಹುಪಾಲು ಬೇಸ್ ಗಿಟಾರುಗಳು ಈ ಅಳತೆಯನ್ನು ಬಿಟ್ಟಿಲ್ಲ. ನಮ್ಮ ಕಡೆಗೆ ಇದು ಬಂದದ್ದು ಸಿನಿಮಾ ಹಾಡುಗಳ ಬೆನ್ನು ಹತ್ತಿ. ಬೇಸಿಗೆ ತನ್ನದೇ ಆದ ರಾಗದ ನಡೆ ಕೊಡುವುದಕ್ಕೆ ಹೆಸರಾದ ಇಳಯರಾಜ 1983ರ ‘ಪಲ್ಲವಿ ಅನುಪಲ್ಲವಿ’ಗೆ ಸಂಗೀತ ಕೊಟ್ಟರು, 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂತು. ಅಂಥ ಹಾಡುಗಳನ್ನು ವೇದಿಕೆಯ ಮೇಲೆ ನುಡಿಸಬೇಕಾದ ವಾದ್ಯಗೋಷ್ಠಿಗಳಿಗೆ ಬೇಸ್ ಗಿಟಾರಿನವರು ಬೇಕಾದರು. ಈಗ ಕೀಬೋರ್ಡಿನ ಎಡಗೈ, ಇಲ್ಲವೇ ಪೆನ್‌ಡ್ರೈವಿನ ಟ್ರ್ಯಾಕು ಆ ಜಾಗವನ್ನು ಬಹಳ ಕಡೆ ತಿಂದುಹಾಕಿದೆ. ಉಳಿದಿರುವ ಕಡೆಯಾದರೂ ಅದು ಚೆನ್ನಾಗಿ ಕೇಳಬೇಕಲ್ಲವೇ?

ಹಾಗೆ ಕೇಳಬೇಕಾದರೆ ಮೊದಲು ಸೆಟಪ್. ನಾಲ್ಕು ತಂತಿಗಳ ಸಾಮಾನ್ಯ ಸೆಟ್ಟು, ಅಂಗಡಿಯವರು ‘ನಲವತ್ತೈದು–ನೂರೈದು’ ಎನ್ನುವುದು, ಶ್ರುತಿಗೆ ಬಂದಾಗ ನೆಕ್ಕಿನ ಮೇಲೆ ಸುಮಾರು 80 ಕೆ.ಜಿ. ಎಳೆತ ಹಾಕುತ್ತದೆ. ಒಬ್ಬ ದಷ್ಟಪುಷ್ಟ ಗಂಡಸು ಆ ಮರದ ಪಟ್ಟಿಗೆ ಹಗಲೂ ರಾತ್ರಿ ಜೋತುಬಿದ್ದಂತೆ. ಇದಕ್ಕೆ ಎದುರಾಗಿ ನೆಕ್ಕಿನ ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಬಿಗಿ ಹಿಡಿದಿರುತ್ತದೆ. ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಣ ಬಿಸಿ. ಮರ ತೇವ ಕುಡಿಯುತ್ತದೆ, ಬಿಡುತ್ತದೆ, ಅದರ ಜೊತೆಗೆ ನೆಕ್ಕಿನ ಬಾಗೂ ಬದಲಾಗುತ್ತದೆ. ಬೇಸಿಗೆಯ ಮದುವೆ ಸೀಸನ್ನಿನಲ್ಲಿ ಸರಿಯಿದ್ದ ಗಿಟಾರು ಗಣೇಶನ ಹಬ್ಬಕ್ಕೆ ಕೈಕೊಟ್ಟರೆ ಅದು ಕಂಪನಿಯ ತಪ್ಪಲ್ಲ, ಹವಾಮಾನದ್ದು.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ತಂತಿಗಳನ್ನು ಶ್ರುತಿಗೆ ತನ್ನಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ಒಂದು ರೂಲುಪಟ್ಟಿ. ಏಳು–ಎಂಟನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಕಾಣಬೇಕು. ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು. ಸಂದು ಇಲ್ಲವೇ ಇಲ್ಲವೆಂದರೆ ಕೆಳಗಿನ ಫ್ರೆಟ್ಟುಗಳಲ್ಲಿ ಗರಗರ. ಅತಿಯಾದರೆ ಬೆರಳು ಸೋಲುತ್ತದೆ, ಒತ್ತಿದ ಸ್ವರ ಶ್ರುತಿಗಿಂತ ಮೇಲೇರುತ್ತದೆ. ಟ್ರಸ್ ರಾಡನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಬೇಕು. ಆಮೇಲೆ ಬ್ರಿಡ್ಜಿನ ಸ್ಯಾಡಲುಗಳಿಂದ ತಂತಿಯ ಎತ್ತರ: ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಗೆ ಎರಡೂವರೆ, ತೆಳುವಿಗೆ ಎರಡು ಮಿಲಿಮೀಟರ್ ಆಸುಪಾಸು. ಕೊನೆಗೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕೂ ಅಲ್ಲೇ ಒತ್ತಿ ನುಡಿಸಿದ ಸ್ವರವೂ ಒಂದೇ ಬರುವವರೆಗೆ ಸ್ಯಾಡಲನ್ನು ಹಿಂದೆ ಮುಂದೆ ಸರಿಸುವುದು. ಇಷ್ಟೂ ಕೆಲಸಕ್ಕೆ ಬೇಕಾದ್ದು ಒಂದು ಟ್ಯೂನರ್, ಎರಡು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್.

ಎತ್ತರ ಕಡಿಮೆಯಿದ್ದಷ್ಟೂ ಒಳ್ಳೆಯದು ಎನ್ನುವ ಗಾಳಿಮಾತೊಂದಿದೆ. ಬೆರಳಿಗೆ ಹಿತವೆಂದು ತಂತಿಯನ್ನು ನೆಲಕ್ಕೆ ಹಾಸಿಬಿಟ್ಟರೆ ಜೋರಾಗಿ ಮೀಟಿದಾಗ ಅದು ಫ್ರೆಟ್ಟುಗಳಿಗೆ ಬಡಿಯುತ್ತದೆ. ಮೂಲ ಸ್ವರ ಬೆಳೆಯುವ ಮೊದಲೇ ಅದರ ಶಕ್ತಿ ಹೋಗುತ್ತದೆ. ಪೆಂಡಾಲಿನಲ್ಲಿ ಮಾನಿಟರ್ ಕೇಳದೆ ಕೈ ಬಿಗಿಯಾಗಿ ಮೀಟುವವರು ತುಸು ಎತ್ತರ ಇಟ್ಟುಕೊಳ್ಳುವುದೇ ಲೇಸು.

ನಮ್ಮ ವೇದಿಕೆಗೇ ವಿಶೇಷವಾದ ಒಂದು ತೊಡಕೂ ಇದೆ. ಗಾಯಕರು ಬಂದು ಅರ್ಧ ಮನೆ ಇಳಿಸಿ ಎನ್ನುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಕೈಕಟ್ಟಿ ಕೂರುತ್ತಾರೆ. ಬೇಸಿನವನಿಗೆ ಆ ಗುಂಡಿಯಿಲ್ಲ, ಹಾಗಾಗಿ ಕೆಲವರು ನಾಲ್ಕೂ ತಂತಿ ಸಡಿಲಿಸುತ್ತಾರೆ. ಅರ್ಧ ಸ್ವರ ಇಳಿದರೆ ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ಅಂದರೆ 80 ಕೆ.ಜಿ.ಯಲ್ಲಿ ಒಂಬತ್ತು ಕೆ.ಜಿ. ಹೋಯಿತು. ನೆಕ್ಕು ನೆಟ್ಟಗಾಗುತ್ತದೆ, ಬೆಳಿಗ್ಗೆ ಮಾಡಿದ ಸೆಟಪ್ ಸಂಜೆ ಕೆಟ್ಟಿತು. ತಂತಿ ಮುಟ್ಟದೆ ಕೈಯ ಜಾಗ ಬದಲಿಸುವ ಅಭ್ಯಾಸವೇ ಇದಕ್ಕೆ ಮದ್ದು.

ಎರಡನೆಯದು ತಂತಿ. ಉಕ್ಕಿನ ತಿರುಳಿನ ಸುತ್ತ ಗುಂಡು ತಂತಿ ಸುತ್ತಿದರೆ ರೌಂಡ್‌ವೌಂಡ್, ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೌಂಡ್. ಮೊದಮೊದಲು ಬೇಸ್ ಗಿಟಾರಿನಲ್ಲಿ ನಡೆಯುತ್ತಿದ್ದುದು ಫ್ಲಾಟ್. 1960ರ ದಶಕದ ನಡುವಿನಲ್ಲಿ ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೊತೆ ಸೇರಿ ಪಿಯಾನೊದಂತೆ ಠಣ್ ಎನ್ನುವ ರೌಂಡ್‌ವೌಂಡನ್ನು ರೂಢಿಗೆ ತಂದ. ಇವತ್ತು ಅಂಗಡಿಯಲ್ಲಿ ಗಿಟಾರಿನ ಜೊತೆಗೇ ಬರುವುದು ರೌಂಡ್‌ವೌಂಡ್. ಅದಕ್ಕೆ ಬೇರೆ ಆಯ್ಕೆ ಇದೆ ಎಂಬುದನ್ನೇ ಬಹಳಷ್ಟು ಜನ ಯೋಚಿಸುವುದಿಲ್ಲ.

ಈಗ ಡಗ್ಗಾದ ಮಾತಿಗೆ ಬರುತ್ತೇನೆ. ರಾಕ್ ಬ್ಯಾಂಡಿನಲ್ಲಿ ಬೇಸಿನ ಜೊತೆಗಾರ ಕಿಕ್ ಡ್ರಮ್. ಅದು ದಬ್ ಎಂದು ಹೊಡೆದು ಮುಗಿಯುತ್ತದೆ. ನಮ್ಮ ಸುಗಮ ಸಂಗೀತದಲ್ಲಿ ಜೊತೆಗಾರ ಡಗ್ಗಾ, ಅಂದರೆ ತಬಲಾದ ಎಡ. ಅಂಗೈಯ ಒತ್ತಿನಲ್ಲಿ ಅದು ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಗುಂಯ್ ಎಂದು ಎಳೆಯುತ್ತದೆ, ಮತ್ತು ಹೀಗೆ ಎಳೆಯುವುದು ಬೇಸ್ ಗಿಟಾರಿನ ಸ್ವರಗಳ ವಲಯದಲ್ಲೇ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ‘ನಿತ್ಯೋತ್ಸವ’ ಇಲ್ಲಿನ ಯಾವ ವೇದಿಕೆಯಲ್ಲೂ ತಪ್ಪುವುದಿಲ್ಲ. ಆ ಹಾಡಿಗೆ ಹೊಚ್ಚಹೊಸ ರೌಂಡ್‌ವೌಂಡ್ ಹಾಕಿ, ಪ್ರತಿ ಸ್ವರವನ್ನೂ ಮುಂದಿನ ಸ್ವರದವರೆಗೆ ಮೊರೆಯಲು ಬಿಟ್ಟು ನುಡಿಸಿದರೆ ಡಗ್ಗಾದ ಜಾರು ಮುಳುಗಿಹೋಗುತ್ತದೆ. ಮೇಲಿನ ಠಣತ್ಕಾರ ಕವಿತೆಯ ಮಾತಿನ ಮೇಲೆ ಬೀಳುತ್ತದೆ. ಭಾವಗೀತೆಯಲ್ಲಿ ಮಾತು ಕೇಳದಿದ್ದರೆ ಉಳಿದದ್ದೇನು?

ಇದಕ್ಕೆ ಪರಿಹಾರ ಅಮೆರಿಕದ ಡೆಟ್ರಾಯ್ಟಿನಲ್ಲೇ ಸಿಕ್ಕಿತ್ತು. ಅಲ್ಲಿನ ಮೋಟೌನ್ ಕಂಪನಿಯ ಹಾಡುಗಳ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತನ್ನ 1962ರ ಪ್ರಿಸಿಷನ್ ಬೇಸಿಗೆ ದಪ್ಪ ಫ್ಲಾಟ್‌ವೌಂಡ್ ಹಾಕಿ, ತುಂಡಾಗದ ಹೊರತು ಅವನ್ನು ಬದಲಿಸುತ್ತಿರಲಿಲ್ಲ. ಬ್ರಿಡ್ಜಿನ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು. ಸ್ವರ ದುಂಡಗೆ ಹುಟ್ಟಿ ಬೇಗ ಆರುತ್ತಿತ್ತು. ಹಾಗಾಗಿ ಎಷ್ಟು ಸ್ವರ ನುಡಿಸಿದರೂ ಗೋಜಲಾಗುತ್ತಿರಲಿಲ್ಲ. ಡಗ್ಗಾದ ಪಕ್ಕ ಕೂರುವ ಬೇಸಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಫ್ಲಾಟ್‌ವೌಂಡ್ ಕೊಳ್ಳಲಾಗದವರು ಹಳೆಯ ರೌಂಡ್‌ವೌಂಡಿನ ಕೆಳಗೆ, ಬ್ರಿಡ್ಜಿಗೆ ತಾಗಿಸಿ, ಪಾತ್ರೆ ಉಜ್ಜುವ ಮೆತ್ತನೆ ಸ್ಪಂಜಿನ ಒಂದು ಪಟ್ಟಿ ಸಿಕ್ಕಿಸಿ ನೋಡಲಿ. ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ.

ಹಾಗೆಂದು ರೌಂಡ್‌ವೌಂಡ್ ಕೆಟ್ಟದ್ದೆಂದಲ್ಲ. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಷರೀಫರ ಪದಗಳನ್ನು ವಿದ್ಯುತ್ ಗಿಟಾರುಗಳ ನಡುವೆ ನಿಲ್ಲಿಸಿದಾಗ, ಅಲ್ಲಿ ಡ್ರಮ್ಸ್ ಇದೆ, ಬೇಸ್ ತಾನೇ ಮುಂದೆ ಬಂದು ಹೆಜ್ಜೆ ಹಾಕಬೇಕಾದ ಜಾಗಗಳಿವೆ. ಅಂಥ ಕಡೆ ಫ್ಲಾಟ್‌ವೌಂಡಿನ ಮೃದುತನ ಗಿಟಾರಿನ ಗದ್ದಲದಲ್ಲಿ ಕಳೆದುಹೋಗುತ್ತದೆ. ಕಾಲೇಜು ಹುಡುಗರ ಬ್ಯಾಂಡಿಗೆ ರೌಂಡ್‌ವೌಂಡೇ ಸರಿ.

ಆದರೆ ಅದು ಬೇಗ ಸಾಯುತ್ತದೆ. ಬೆರಳಿನ ಬೆವರು, ಜಿಡ್ಡು ಸುತ್ತುಗಳ ನಡುವೆ ಕೂತು ಮೇಲಿನ ಕಂಪನಗಳನ್ನು ಕೊಲ್ಲುತ್ತವೆ. ಮಳೆಗಾಲದಲ್ಲಿ ತುಕ್ಕೂ ಸೇರುತ್ತದೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ತುಕ್ಕಿನ ಪಾಠ ಹೇಳಬೇಕಿಲ್ಲ. ತಂತಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆಯುವ ಉಪಾಯ ಹಳೆಯದು. ಜಿಡ್ಡು ಬಿಡುವುದು ನಿಜ, ದನಿ ತುಸು ಹೊಳೆಯುವುದೂ ನಿಜ. ಆದರೆ ದಣಿದ ಲೋಹ ಹೊಸದಾಗುವುದಿಲ್ಲ, ಒಳಗೆ ನಿಂತ ನೀರು ತಿರುಳಿಗೇ ತುಕ್ಕು ಹಿಡಿಸುತ್ತದೆ. ಒಂದು ಕಾರ್ಯಕ್ರಮದ ಮಟ್ಟಿಗೆ ಅದು ಸರಿ. ಅದನ್ನೇ ಪದ್ಧತಿ ಮಾಡಿಕೊಳ್ಳಬಾರದು. ಪ್ರತಿ ಸಲ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವವರ ತಂತಿ ಹೆಚ್ಚು ದಿನ ಬಾಳುತ್ತದೆ.

ಮೂರನೆಯದು ಪಿಕಪ್. ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ, ಮೇಲೆ ಕಂಪಿಸುವ ಉಕ್ಕು: ಇಷ್ಟೇ ಅದರ ರಚನೆ. ತನ್ನ ಮೇಲಿನ ತುಣುಕು ತಂತಿ ಹೇಗೆ ಅಲುಗುತ್ತದೋ ಅದನ್ನಷ್ಟೇ ಅದು ವಿದ್ಯುತ್ತಾಗಿಸುತ್ತದೆ. ಆದ್ದರಿಂದ ಬ್ರಿಡ್ಜಿನ ಹತ್ತಿರವಿದ್ದರೆ ದನಿ ತೆಳು, ಚೂಪು. ನೆಕ್ಕಿನ ಕಡೆಗಿದ್ದರೆ ತುಂಬು. ತಂತಿಯಲ್ಲೇ ಇಲ್ಲದ್ದನ್ನು ಯಾವ ದುಬಾರಿ ಪಿಕಪ್ಪೂ ಹುಟ್ಟಿಸಲಾರದು. ಬದಲಿಸುವ ಮುನ್ನ ಎತ್ತರ ಸರಿಪಡಿಸಿ ನೋಡಬೇಕು: ಕೊನೆಯ ಫ್ರೆಟ್ಟನ್ನು ಒತ್ತಿದಾಗ ತಂತಿಗೂ ಪಿಕಪ್ಪಿಗೂ ಎರಡರಿಂದ ಮೂರು ಮಿಲಿಮೀಟರ್. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲ್ಲಾಡಿಸುತ್ತದೆ. ಒಂದು ತಂತಿ ಜೋರು, ಇನ್ನೊಂದು ಮೆತ್ತಗೆ ಎಂಬ ದೂರಿಗೂ ಎರಡು ಸ್ಕ್ರೂಗಳಲ್ಲೇ ಉತ್ತರವಿದೆ.

ಪಿಕಪ್ಪಿನ ಜಾತಿ ನಿಜಕ್ಕೂ ಮುಖ್ಯವಾಗುವ ಜಾಗ ಒಂದುಂಟು, ಅದು ಬಯಲು ವೇದಿಕೆ. ಸೀರಿಯಲ್ ಲೈಟು, ಡಿಮ್ಮರು, ಜನರೇಟರು, ಅರ್ಧಂಬರ್ಧ ಅರ್ಥಿಂಗು ಎಲ್ಲ ಸೇರಿ ಹಮ್ ಎನ್ನುವ ಗುಂಜು ಹುಟ್ಟುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49, ನಾಲ್ಕನೆಯದು ಸುಮಾರು 52. ಗುಂಜು ಈ ಎರಡರ ನಡುವೆ ಬೇಸುರಾಗಿ ಕೂರುತ್ತದೆ. ಅದರ ಇಮ್ಮಡಿ ಗುಂಜು ತೆಳು ತಂತಿಯ 98ರ ಪಕ್ಕದಲ್ಲಿ. 1960ರ ಜಾಝ್ ಬೇಸಿನ ಎರಡು ಒಂಟಿ ಸುರುಳಿಗಳಲ್ಲಿ ಎರಡೂ ಗುಂಡಿ ಪೂರ್ತಿ ತೆರೆದಿದ್ದರೆ ಗುಂಜು ಪರಸ್ಪರ ರದ್ದಾಗುತ್ತದೆ, ಒಂದನ್ನು ಇಳಿಸಿದರೆ ಮತ್ತೆ ಬಂತು. ಪ್ರಿಸಿಷನ್ ಬೇಸಿಗೆ 1957ರಲ್ಲಿ ಬಂದ ಸೀಳು ಸುರುಳಿಯ ಪಿಕಪ್ಪಿನಲ್ಲಿ ಈ ರಗಳೆಯೇ ಇಲ್ಲ. ಆಕ್ಟಿವ್ ಬೇಸ್ ಕೊಳ್ಳುವವರು ಅದರ 9 ವೋಲ್ಟಿನ ಬ್ಯಾಟರಿ ಹಾಡಿನ ನಡುವೆಯೂ ಖಾಲಿಯಾಗಬಹುದೆಂದು ನೆನಪಿಟ್ಟರೆ ಸಾಕು.

ಕಡೆಯದಾಗಿ ‘ಬೇಸ್ ಜಾಸ್ತಿ’ ಎಂಬ ಕೂಗಿನ ಬಗ್ಗೆ. ಭದ್ರಾವತಿ ಆಕಾಶವಾಣಿಯನ್ನು ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ ಕೇಳಿ ಬೆಳೆದವರು ಹಾಡುಗಳ ಬೇಸನ್ನು ಗುರುತಿಸುತ್ತಿದ್ದರು. ಆ ಸ್ಪೀಕರು 41 ಕಂಪನವನ್ನು ಹೊರಡಿಸಲಾರದು. ಅದರ ದುಪ್ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳು ಕೇಳಿದರೆ ಇಲ್ಲದ ಮೂಲ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಬೇಸಿನ ಸ್ವರ ತಿಳಿಯುವುದು ಈ ಮೇಲಿನ ಕಂಪನಗಳಿಂದ; ಅವುಗಳನ್ನು ಕೊಡುವುದು ಸೆಟಪ್ಪು ಮತ್ತು ತಂತಿ. ಲೋ ಗುಂಡಿ ಏರಿಸಿದಾಗ ಮುಚ್ಚಿಹೋಗುವುದೂ ಇವೇ. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಗೋಡೆಗಳಿರುವ ಸಭಾಂಗಣದಲ್ಲಂತೂ ತಗ್ಗು ದನಿ ಒಳಗೇ ಸುತ್ತುತ್ತದೆ, ಅಲ್ಲಿ ಲೋ ಇಳಿಸಿದರೇ ಬೇಸ್ ಚೆನ್ನಾಗಿ ಕೇಳುತ್ತದೆ.

ದನಿ ಇರುವುದು ಬೆರಳಿನಲ್ಲಿ, ಉಳಿದದ್ದೆಲ್ಲ ನೆಪ ಎನ್ನುವವರಿದ್ದಾರೆ. ಅರ್ಧ ಸತ್ಯ. ಮೀಟುವ ಜಾಗವನ್ನು ನಾಲ್ಕು ಬೆರಳು ಸರಿಸಿದರೆ ದನಿ ಬದಲಾಗುವುದು ಯಾರಿಗೂ ಕೇಳುತ್ತದೆ. ಆದರೆ ನೆಕ್ಕು ಬಾಗಿದ, ಹನ್ನೆರಡನೇ ಫ್ರೆಟ್ಟಿನಲ್ಲಿ ಶ್ರುತಿ ತಪ್ಪುವ ಗಿಟಾರಿನಲ್ಲಿ ಎಂಥ ಬೆರಳೂ ಶುದ್ಧ ಸ್ವರ ತೆಗೆಯಲಾರದು.

ನನ್ನ ತೀರ್ಪು ಇಷ್ಟು: ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಸೆಟಪ್, ಸುಗಮ ಸಂಗೀತ ನುಡಿಸುವವರಿಗೆ ಫ್ಲಾಟ್‌ವೌಂಡ್ ಅಥವಾ ಸ್ಪಂಜು, ಪಿಕಪ್ಪಿಗೆ ಮೊದಲು ಸ್ಕ್ರೂಡ್ರೈವರು, ದುಡ್ಡು ಆಮೇಲೆ. ಮಧ್ಯಮ ಬೆಲೆಯ ಗಿಟಾರೊಂದು ಈ ಮೂರರಲ್ಲಿ ಗೆದ್ದರೆ, ಸೆಟಪ್ ಕಾಣದ ದುಬಾರಿ ಗಿಟಾರಿಗಿಂತ ಚೆನ್ನಾಗಿ ಕೇಳುತ್ತದೆ. ಸಂಘಟಕರಲ್ಲೂ ಒಂದು ಮನವಿ: ಗಣ್ಯರ ಸ್ವಾಗತ ಭಾಷಣದಲ್ಲಿ ಹತ್ತು ನಿಮಿಷ ಉಳಿಸಿ, ಸಂಜೆಯ ಸೌಂಡ್ ಚೆಕ್ಕಿನಲ್ಲಿ ತಬಲಾ ಮತ್ತು ಬೇಸ್ ಗಿಟಾರು ಎರಡನ್ನೇ ಒಟ್ಟಿಗೆ ನುಡಿಸಲು ಬಿಡಿ. ಅವೆರಡೂ ಬೇರೆ ಬೇರೆಯಾಗಿ ಕೇಳುವವರೆಗೆ ಹಾಡು ಶುರು ಮಾಡಬೇಡಿ.