ಹಿಡಿತವೆಲ್ಲ ಟೇಪರ್‌ನಲ್ಲಿ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಂತಿರುವ 61 ದಿನ ನಮ್ಮ ಕರಾವಳಿಯ ನಾಡದೋಣಿಗಳ ಕಾಲ. 10 ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡು ಅಳಿವೆ ದಾಟುವ ಈ ದೋಣಿಗಳ ಪಾಲಿಗೆ ಇಂಜಿನ್ ಕೈಕೊಡುವುದು ಬರೀ ನಷ್ಟದ ಮಾತಲ್ಲ. ತೆರೆ ಒಡೆಯುವ ಜಾಗದಲ್ಲಿ ಇಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆ ಅದನ್ನು ಮಗುಚುತ್ತದೆ. ಇಷ್ಟಾದರೂ ಸ್ಟಾರ್ಟ್ ಆಗಲು ಸತಾಯಿಸುವ ಇಂಜಿನ್ ಬಿಚ್ಚಿದಾಗ ಎಲ್ಲರೂ ಮೊದಲು ನೋಡುವುದು ಪ್ಲಗ್, ಆಮೇಲೆ ಕಾರ್ಬುರೇಟರ್, ಆಮೇಲೆ ಸೀಮೆಎಣ್ಣೆ. ಹಗ್ಗದ ಸ್ಟಾರ್ಟರ್ ಕೆಳಗೇ ಕೂತಿರುವ ಫ್ಲೈವೀಲ್ ಮೇಲೆ ಅನುಮಾನ ಬರುವುದು ಕಟ್ಟಕಡೆಗೆ.

ಈ ಚಕ್ರಕ್ಕೆ ಮೂರು ಕೆಲಸ. ಪಿಸ್ಟನ್‌ನ ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಇಂಜಿನ್ ತಿರುಗುತ್ತಲೇ ಇರುವಂತೆ ತನ್ನ ಭಾರದಿಂದ ನೋಡಿಕೊಳ್ಳುವುದು ಒಂದು. ಒಳಸುತ್ತಿಗೆ ಅಂಟಿಸಿದ ಮ್ಯಾಗ್ನೆಟ್‌ಗಳನ್ನು ಕಾಯಿಲ್‌ಗಳ ಸುತ್ತ ತಿರುಗಿಸಿ ಕರೆಂಟು ಹುಟ್ಟಿಸುವುದು ಇನ್ನೊಂದು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ ಅದು. ನಾಡದೋಣಿಯ ಇಂಜಿನ್‌ಗೆ ಬ್ಯಾಟರಿಯ ಹಂಗಿಲ್ಲದಿರುವುದು ಅದರಿಂದಲೇ. ಮೂರನೆಯದು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂದು ಹೇಳುವುದು. ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದ ಮೋಟರಿನಲ್ಲೂ ಫ್ಲೈವೀಲ್ ನೆತ್ತಿಯ ಮೇಲೇ ಮಲಗಿತ್ತು. ಅದರ ಅಂಚಿನ ಹಿಡಿ ಹಿಡಿದು ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಹಿಡಿ ಹೋಗಿ ಹಗ್ಗ ಬಂತು, ಚಕ್ರದ ಜಾಗ ಬದಲಾಗಿಲ್ಲ.

ನೆತ್ತಿಯ ಮೇಲಿದ್ದರೂ ಉಪ್ಪಿನಿಂದ ಅದಕ್ಕೆ ರಕ್ಷಣೆ ಇಲ್ಲ. ಇಂಜಿನ್ ಉಸಿರಾಡಲು ಹುಡ್‌ಗೆ ಕಿಂಡಿ ಬೇಕು. ಆ ಕಿಂಡಿಯಲ್ಲೇ ತೆರೆಯ ತುಂತುರೂ ಒಳಗೆ ಬರುತ್ತದೆ. ಹೊರಮೈಯ ತುಕ್ಕಿಗೆ ಹೆದರಬೇಕಾಗಿಲ್ಲ. ಉಜ್ಜಿ, ಬಣ್ಣ ಬಳಿದರೆ ಸಾಕು. ಒಳಮೈಯ ತುಕ್ಕು ಬೇರೆಯೇ ಲೆಕ್ಕ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಮ್ಯಾಗ್ನೆಟ್‌ಗೂ ಚಕ್ರದ ಗೋಡೆಗೂ ನಡುವೆ ತುಕ್ಕು ಹುಟ್ಟಿತೆಂದರೆ ಅದು ಮ್ಯಾಗ್ನೆಟ್ಟನ್ನು ಅಂಟಿನಿಂದ ಎಬ್ಬಿಸುತ್ತದೆ. ಕಾಯಿಲ್‌ಗೂ ಮ್ಯಾಗ್ನೆಟ್‌ಗೂ ಇರುವ ಸಂದು ಬಹಳ ಕಿರಿದು. ಎದ್ದ ಮ್ಯಾಗ್ನೆಟ್ ಕಾಯಿಲನ್ನು ಮೊದಲು ಸವರುತ್ತದೆ, ಆಮೇಲೆ ಕೆರೆಯುತ್ತದೆ. 20 ಸೆಂಟಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 188 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ಮ್ಯಾಗ್ನೆಟ್ ಕಳಚಿದರೆ ಕಾಯಿಲ್‌ಗಳು ಉಳಿಯುವುದಿಲ್ಲ. ಸಡಿಲಾದ ಮ್ಯಾಗ್ನೆಟ್ಟನ್ನು ಎಂ-ಸೀಲ್ ಹಾಕಿ ಕೂರಿಸಿ ಕಡಲಿಗೆ ಹೋಗುವವರಿದ್ದಾರೆ. ಅದು ಉಳಿತಾಯವಲ್ಲ, ಜೀವದ ಜೊತೆ ಆಟ. ಒಳಮೈ ಹಕ್ಕಳೆ ಎದ್ದ ಚಕ್ರವನ್ನು ಗುಜರಿಗೆ ಹಾಕಬೇಕು.

ಬದಲಿಸುವ ಕೆಲಸದಲ್ಲಿ ನನಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಫ್ಲೈವೀಲನ್ನು ಹಿಡಿದಿಟ್ಟಿರುವುದು ಹಾಫ್‌ಮೂನ್ ಕೀ ಎಂದೇ ಅನೇಕರ ನಂಬಿಕೆ. ಹಾಗಲ್ಲ. ಕ್ರ್ಯಾಂಕ್‌ಶಾಫ್ಟ್‌ನ ತುದಿ ಮೇಲಕ್ಕೆ ಹೋದಂತೆ ಸಪೂರವಾಗುತ್ತದೆ, ಚಕ್ರದ ನಡುವಿನ ತೂತೂ ಅದೇ ಓರೆಯಲ್ಲಿರುತ್ತದೆ. ಸ್ಟೀಲ್ ಲೋಟದೊಳಗೆ ಲೋಟ ಕಚ್ಚಿಕೊಳ್ಳುವ ಹಾಗೆ ಎರಡೂ ಕಚ್ಚಿಕೊಳ್ಳುತ್ತವೆ. ಆ ಟೇಪರ್‌ನ ಹಿಡಿತವೇ ಎಲ್ಲ ಬಲವನ್ನೂ ಹೊರುವುದು. ನಟ್ ಇರುವುದು ಟೇಪರನ್ನು ಒತ್ತಿಡಲಿಕ್ಕೆ. ಕೀ ಇರುವುದು ಚಕ್ರ ಸರಿಯಾದ ಕೋನದಲ್ಲಿ ಕೂರಲಿಕ್ಕೆ, ಅಷ್ಟಕ್ಕೇ.

ಹಾಗಾಗಿ ಟೇಪರ್ ಹಾಳಾಗದಂತೆ ಬಿಚ್ಚುವುದರಲ್ಲೇ ಅರ್ಧ ಕೆಲಸವಿದೆ. ಪ್ಲಗ್ ಕ್ಯಾಪ್ ತೆಗೆಯಿರಿ. ಚಕ್ರವನ್ನು ಹೋಲ್ಡರ್‌ನಿಂದ ಹಿಡಿದು ನಟ್ ಸಡಿಲಿಸಿ. ಪ್ಲಗ್ ತೂತಿಗೆ ಹಗ್ಗ ತುರುಕಿ ಪಿಸ್ಟನ್ ತಡೆಯುವ ರೂಢಿ ಕೆಲವೆಡೆ ಇದೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಹಗ್ಗ ಪೋರ್ಟ್‌ಗೆ ಸಿಕ್ಕಿಕೊಳ್ಳಬಹುದು, ಬೇಡ. ನಟ್ಟನ್ನು ಪೂರ್ತಿ ತೆಗೆಯದೆ ಶಾಫ್ಟ್‌ನ ತುದಿಗೆ ಸಮವಾಗಿ ಬಿಟ್ಟರೆ ಮರೆ ಹಾಳಾಗುವುದಿಲ್ಲ. ಚಕ್ರದ ಹಬ್‌ನಲ್ಲಿರುವ ಮೂರು ಮರೆತೂತುಗಳಿಗೆ ಪುಲ್ಲರ್‌ನ ಬೋಲ್ಟ್ ಕೂರಿಸಿ, ನಡುವಿನ ಬೋಲ್ಟ್ ಬಿಗಿ ಮಾಡುತ್ತ ಹೋಗಿ. ಬಿಗಿ ಏರಿದ ಮೇಲೆ ಆ ಬೋಲ್ಟಿನ ತಲೆಗೆ ಹದವಾಗಿ ಒಂದು ಏಟು ಕೊಟ್ಟರೆ ಚಕ್ರ ಟಪ್ಪೆಂದು ಬಿಡುತ್ತದೆ. ಬಿಡದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಕಾಯಿರಿ. ಅಂಚಿಗೆ ಮೂರು ಕಾಲಿನ ಪುಲ್ಲರ್ ಸಿಕ್ಕಿಸಿ ಎಳೆಯಬೇಡಿ, ಚಕ್ರ ಸೊಟ್ಟಗಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿಯಬೇಡಿ, ಮ್ಯಾಗ್ನೆಟ್ಟಿನ ಅಂಟು ಸುಡುತ್ತದೆ. ಶಾಫ್ಟ್‌ಗೆ ನೇರವಾಗಿ ಸುತ್ತಿಗೆಯಲ್ಲಿ ಬಡಿದರೆ ಕ್ರ್ಯಾಂಕ್ ಬೇರಿಂಗ್ ಹೋಗುತ್ತದೆ; ಆಮೇಲೆ ಫ್ಲೈವೀಲ್ ಬೆಲೆ ಚಿಕ್ಕದೆನಿಸುತ್ತದೆ.

ಚಕ್ರ ಹೊರಬಂದ ಮೇಲೆ ಶಾಫ್ಟನ್ನು ಬೆಳಕಿನಲ್ಲಿ ನೋಡಿ. ಟೇಪರ್ ಮೇಲೆ ಕೆಂಗಂದು ಪುಡಿ ಕಂಡರೆ ಹಳೆಯ ಚಕ್ರ ಒಳಗೊಳಗೇ ಅಲುಗಾಡುತ್ತಿತ್ತೆಂದು ಅರ್ಥ. ಶಾಫ್ಟನ್ನು ಒರೆಸಿ, ಕೀ ಇಲ್ಲದೆ ಹೊಸ ಚಕ್ರವನ್ನು ಕೂರಿಸಿ ನೋಡಬೇಕು. ಗುರುತು ಮೂಡಿಸುವ ಬ್ಲೂ ಪೇಸ್ಟನ್ನು ತೆಳ್ಳಗೆ ಹಚ್ಚಿ ತಿರುಗಿಸಿದರೆ ಎಲ್ಲೆಲ್ಲಿ ಮುಟ್ಟುತ್ತಿದೆ ಎಂದು ತಿಳಿಯುತ್ತದೆ. ಅಲ್ಲಲ್ಲಿ ಮಾತ್ರ ಮುಟ್ಟುತ್ತಿದ್ದರೆ ವಾಲ್ವ್ ಉಜ್ಜುವ ನಯವಾದ ಪೇಸ್ಟ್ ಹಚ್ಚಿ ಎರಡನ್ನೂ ಒಂದಕ್ಕೊಂದು ಹದವಾಗಿ ಉಜ್ಜಿ, ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದು ಒಣಗಿಸಿ. ತುಕ್ಕು ಬಾರದಿರಲೆಂದು ಇಲ್ಲಿ ಗ್ರೀಸ್ ಬಳಿಯುವುದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಹಿಡಿಯಬೇಕಾದ ಜಾಗ ಜಾರಬಾರದು. ಟೇಪರ್ ಒಣಗಿರಬೇಕು.

ಹಳೆಯ ಕೀ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕಬೇಡಿ. ಬಲೆಯೋ ಮರದ ದಿಮ್ಮಿಯೋ ಪ್ರೊಪೆಲ್ಲರ್‌ಗೆ ಸಿಕ್ಕಿ ಇಂಜಿನ್ ಹಠಾತ್ತನೆ ನಿಂತಾಗ ಶಾಫ್ಟ್ ನಿಲ್ಲುತ್ತದೆ, ಭಾರದ ಚಕ್ರ ಮುಂದಕ್ಕೆ ನುಗ್ಗುತ್ತದೆ, ಸಡಿಲ ಟೇಪರ್ ಇದ್ದರೆ ಕೀ ಕತ್ತರಿಸಿಹೋಗುತ್ತದೆ. 20 ಮಿಲಿಮೀಟರ್ ದಪ್ಪದ ಶಾಫ್ಟ್ ಮೇಲೆ ಚಕ್ರ 1 ಮಿಲಿಮೀಟರ್ ಸರಿದರೆ ಕಿಡಿಯ ಸಮಯ ಸುಮಾರು 6 ಡಿಗ್ರಿ ಮುಂದಾಗುತ್ತದೆ. ಹಗ್ಗ ಎಳೆದಾಗ ಕೈಗೆ ಜಗ್ಗಿ ಹೊಡೆಯುವ ಇಂಜಿನ್, ಸೀಮೆಎಣ್ಣೆಗೆ ಬದಲಿಸಿದ ಕೂಡಲೇ ಕಟಕಟ ಎನ್ನುವ ಇಂಜಿನ್ ಇದನ್ನೇ ಹೇಳುತ್ತಿರಬಹುದು. ಬೋಲ್ಟಿನ ಚೂರನ್ನು ಅರದಲ್ಲಿ ರಾವಿ ಮಾಡಿದ ಕೀ ಇಲ್ಲಿ ನಡೆಯದು.

ಹೊಸ ಚಕ್ರ ಕೊಳ್ಳುವಾಗ ಅಶ್ವಶಕ್ತಿ ಕೇಳಿ ಕೊಡುವ ಅಂಗಡಿಯವರನ್ನು ನಂಬಬೇಡಿ. ಪಾರ್ಟ್ ನಂಬರ್ ಹೇಳಿ ತನ್ನಿ. ಹೊರಗಿನಿಂದ ಅವಳಿಯಂತೆ ಕಾಣುವ ಎರಡು ಚಕ್ರಗಳಲ್ಲಿ ಮ್ಯಾಗ್ನೆಟ್ಟಿನ ಜೋಡಣೆ, ಕೀ ಕೂರುವ ಗಾಡಿಯ ಜಾಗ ಬೇರೆಯಿರಬಹುದು. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಮ್ಯಾಗ್ನೆಟ್‌ಗೂ ಸ್ಕ್ರೂಡ್ರೈವರ್ ತಾಗಿಸಿ ಎಳೆದು ನೋಡಿ. ಎಲ್ಲವೂ ಒಂದೇ ಬಲದಲ್ಲಿ ಹಿಡಿಯಬೇಕು. ಕೂರಿಸುವ ಮುನ್ನ ಒಳಗೆ ಕಣ್ಣು ಹಾಯಿಸುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಬೆಂಚಿನ ಮೇಲಿದ್ದ ವಾಶರ್, ಸ್ಕ್ರೂ, ಕಬ್ಬಿಣದ ಅರಪುಡಿ ಯಾವುದನ್ನೂ ಮ್ಯಾಗ್ನೆಟ್ ಬಿಡುವುದಿಲ್ಲ. ಆಮೇಲೆ ಕೈಯಲ್ಲಿ ತಿರುಗಿಸಿ, ಎಲ್ಲೂ ಸವರದಿದ್ದರೆ ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲೇ ನಟ್ ಬಿಗಿಯಿರಿ. ಕೈಯಂದಾಜು ಸಾಲದು.

ಕರಾವಳಿಯ ಮೀನುಗಾರರ ಸಹಕಾರ ಸಂಘಗಳಲ್ಲಿ ನನ್ನದೊಂದು ಬೇಡಿಕೆ. ಪ್ರತಿ ದಕ್ಕೆಯಲ್ಲಿ ಒಂದು ಪುಲ್ಲರ್, ಒಂದು ಟಾರ್ಕ್ ವ್ರೆಂಚ್, ಆ ಊರಿನ ದೋಣಿಗಳಲ್ಲಿರುವ ಇಂಜಿನ್‌ಗಳಿಗೆ ಹೊಂದುವ ಒಂದಿಷ್ಟು ಹೊಸ ಕೀಗಳನ್ನು ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ನಾಡದೋಣಿಯವರು ಬಲೆ ಸರಿಪಡಿಸಲು ಕೂರುವ ದಿನಗಳಲ್ಲೇ ಪ್ರತಿ ಇಂಜಿನ್‌ನ ಚಕ್ರವನ್ನೂ ಒಮ್ಮೆ ಎತ್ತಿ ನೋಡಿಸಿ, ಒಳಮೈ ಕೆಟ್ಟಿದ್ದರೆ ಜೂನ್ ಬರುವ ಮೊದಲೇ ಬದಲಿಸಿ.