ಭಾರ ಎಲ್ಲಿ ಕೂರುತ್ತದೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಓದುಗರು ಈ ಅಂಕಣಕ್ಕೆ ಮತ್ತೆ ಮತ್ತೆ ಕಳಿಸುವ ಪ್ರಶ್ನೆ ಒಂದಿದೆ. ಮನೆ ಮುಂದೆ ನಾಲ್ಕು ಬಾಗಿಲಿನ ಪಿಕಪ್ ನಿಂತಿದೆ, ಅದರ ಬೆಡ್, ಅಂದರೆ ಹಿಂದಿನ ತೆರೆದ ಸರಕು ತೊಟ್ಟಿ, ಐದೂವರೆ ಅಡಿಯದು. ಯೂಟಾದ ಬಂಡೆದಾರಿಗೋ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೋ ಹೋಗಲು ಒಂದು ಸೈಡ್-ಬೈ-ಸೈಡ್ ಕೊಳ್ಳುವ ಆಸೆಯೂ ಇದೆ. ಅದನ್ನು ಬೆಡ್ಡಿಗೇ ಏರಿಸಿಕೊಂಡು ಹೋಗಬಹುದೇ?

ಸೈಡ್-ಬೈ-ಸೈಡ್ ಎಂದರೆ ಇಬ್ಬರು ಅಕ್ಕಪಕ್ಕ ಕೂತು ಓಡಿಸುವ ಕಚ್ಚಾರಸ್ತೆಯ ವಾಹನ. ಸ್ಟೀರಿಂಗ್, ಸೀಟ್ ಬೆಲ್ಟ್, ತಲೆಯ ಮೇಲೆ ಉಕ್ಕಿನ ಪಂಜರ, ಮೊಣಕಾಲೆತ್ತರದ ಗುಂಡಿಯನ್ನೂ ನುಂಗುವ ಸಸ್ಪೆನ್ಷನ್ ಇರುತ್ತವೆ. ಹೆದ್ದಾರಿಯಲ್ಲಿ ನೂರಾರು ಮೈಲಿ ಓಡಿಸಿಕೊಂಡು ಹೋಗುವಂಥದ್ದಲ್ಲ ಇದು. ಟ್ರೇಲ್ ಶುರುವಾಗುವ ಜಾಗದವರೆಗೆ ಹೊತ್ತೇ ಒಯ್ಯಬೇಕು. ಹೀಗಾಗಿ ಹೊರುವ ಕೆಲಸವೂ ಈ ಹವ್ಯಾಸದ ಅರ್ಧ ವಿದ್ಯೆ. ಓಡಿಸುವುದನ್ನು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಏರಿಸಿ ಬಿಗಿಯುವುದನ್ನು ಕಲಿಸುವವರು ಕಡಿಮೆ.

ಪ್ರಶ್ನೆ ಕೇಳುವವರೆಲ್ಲ ಟೇಪು ಹಿಡಿದು ಉದ್ದ, ಅಗಲ ಅಳೆದು ನೋಡಿರುತ್ತಾರೆ. ಯಂತ್ರ ಬೆಡ್ಡಿಗೆ ಹಿಡಿಸಿತೆಂದರೆ ಕೆಲಸ ಮುಗಿಯಿತು ಎಂಬ ಲೆಕ್ಕ ಅದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯಂತ್ರದ ಭಾರ ಟ್ರಕ್ಕಿನ ಯಾವ ಭಾಗದ ಮೇಲೆ ಕೂರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಿಕಪ್ಪೂ ಈ ಯಂತ್ರವೂ ಬೆಳೆದದ್ದು ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಹಳೆಯ ಕಾಲದ ಅಮೆರಿಕನ್ ಪಿಕಪ್ ರೈತನದು, ಬಡಗಿಯದು. ಮುಂದೆ ಒಂದೇ ಸಾಲು ಸೀಟು, ಹಿಂದೆ ಎಂಟು ಅಡಿಯ ಬೆಡ್. ನಾಲ್ಕಡಿ ಅಗಲ, ಎಂಟಡಿ ಉದ್ದದ ಪ್ಲೈವುಡ್ ಹಾಳೆ ಅದರೊಳಗೆ ಮಟ್ಟಸವಾಗಿ ಮಲಗಬೇಕು, ಅದೇ ಅಳತೆಗೋಲು. ಪಿಕಪ್ ಸಂಸಾರದ ಕಾರಾದಂತೆ ಕ್ಯಾಬಿನ್ ಹಿಗ್ಗಿತು, ಬೆಡ್ ಕುಗ್ಗಿತು. ಫೋರ್ಡ್ ಎಫ್-150ಯ ನಾಲ್ಕು ಬಾಗಿಲಿನ ಸೂಪರ್‌ಕ್ರೂ 2001ರ ಮಾದರಿಯಾಗಿ ಬಂದದ್ದು ಐದೂವರೆ ಅಡಿ ಬೆಡ್ಡಿನೊಂದಿಗೆ. ಈಗ ಅಮೆರಿಕದ ಯಾವ ಬಡಾವಣೆಗೆ ಹೋದರೂ ಕಣ್ಣಿಗೆ ಬೀಳುವುದು ಆ ಬಗೆಯದೇ. ಅತ್ತ ಸೈಡ್-ಬೈ-ಸೈಡ್ ಹಿಗ್ಗುತ್ತಲೇ ಹೋಯಿತು. ಪೋಲಾರಿಸ್ ಕಂಪನಿಯ ಮೊದಲ ಆರ್‌ಝಡ್‌ಆರ್, 2008ರ ಮಾದರಿ, 50 ಇಂಚು ಅಗಲವಿತ್ತು. 2014ರ ಎಕ್ಸ್‌ಪಿ 1000 ಮಾದರಿ 64 ಇಂಚಾಯಿತು. 2022ರ ಪ್ರೊ ಆರ್ 74 ಇಂಚು.

ಆ 50 ಇಂಚಿನ ಹಿಂದೆ ಕಾರಣವಿದೆ. ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ಕಾಡುದಾರಿಗಳಲ್ಲಿ 50 ಇಂಚಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಪಿಕಪ್ ಬೆಡ್ಡಿನೊಳಗೆ ಎರಡೂ ಬದಿ ಉಬ್ಬಿಕೊಂಡಿರುವ ಚಕ್ರಗೂಡುಗಳ ನಡುವಿನ ಜಾಗವೂ ಹೆಚ್ಚುಕಡಿಮೆ ಅಷ್ಟೇ; ಎಫ್-150ಯಲ್ಲಿ 50.6 ಇಂಚು. ಹಾಗಾಗಿ ಸಣ್ಣ ಟ್ರೇಲ್ ಮಾದರಿಯೊಂದು ಅರ್ಧ ಇಂಚಿನ ಅಂತರದಲ್ಲಿ ಒಳಗೆ ಸರಿಯುತ್ತದೆ. 64 ಇಂಚಿನದನ್ನು ಬೆಡ್ಡಿನ ತಳಕ್ಕೆ ಇಳಿಸುವ ಮಾತೇ ಇಲ್ಲ. ಅಗಲದ ವಿಷಯ ಇಲ್ಲಿಗೆ ಮುಗಿಯಿತು.

ಉದ್ದದ ಲೆಕ್ಕಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಆ ಸಣ್ಣ ಟ್ರೇಲ್ ಮಾದರಿಯ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 79 ಇಂಚು. ಮುಂದಿನ ಟೈರನ್ನು ಬೆಡ್ಡಿನ ಮುಂಗೋಡೆಗೆ ತಾಗಿಸಿ ನಿಲ್ಲಿಸಿದರೆ ಟೈರಿನ ಅರ್ಧ ವ್ಯಾಸ, ಅಂದರೆ ಸುಮಾರು 13 ಇಂಚು ಬಿಟ್ಟು ಮುಂದಿನ ಆಕ್ಸಲ್ ಬರುತ್ತದೆ. ಎರಡನ್ನೂ ಕೂಡಿ: ಹಿಂದಿನ ಚಕ್ರ ಕೂರುವುದು ಮುಂಗೋಡೆಯಿಂದ 92 ಇಂಚಿಗೆ. ಗಿಡ್ಡ ಬೆಡ್ ಮುಗಿಯುವುದೋ 67 ಇಂಚಿಗೆ. ಉಳಿದ 25 ಇಂಚಿಗೆ ಆಸರೆ ಎಲ್ಲಿಂದ ತರುವುದು? ಹಿಂಬಾಗಿಲನ್ನು ಕೆಳಗೆ ಬಿಟ್ಟರೆ ಎರಡು ಅಡಿಯ ಆಸುಪಾಸು ಸಿಗುತ್ತದೆ. ಎಂದರೆ ಹಿಂದಿನ ಎರಡೂ ಚಕ್ರಗಳು ನಿಲ್ಲುವುದು ಬಾಗಿಲಿನ ತುತ್ತತುದಿಯಲ್ಲಿ, ಇಲ್ಲವೇ ಅದನ್ನೂ ದಾಟಿ. ಆರೂವರೆ ಅಡಿಯ ಬೆಡ್ಡಿನಲ್ಲೂ ಹಿಂಚಕ್ರ ಬಾಗಿಲಿನ ನಡುಭಾಗಕ್ಕೆ ಬರುತ್ತದೆ. ಹಿಂಚಕ್ರ ಬೆಡ್ಡಿನ ತಳದ ಮೇಲೆಯೇ ಊರುವುದು ಎಂಟಡಿಯ ಬೆಡ್ಡಿನಲ್ಲಿ ಮಾತ್ರ.

ಈ ಯಂತ್ರಗಳಲ್ಲಿ ಎಂಜಿನ್ ಇರುವುದು ಸೀಟಿನ ಹಿಂದೆ. ಹಾಗಾಗಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೆಯೇ. ಯಂತ್ರ 1,200 ಪೌಂಡ್, ಅಂದರೆ 540 ಕಿಲೋಗಿಂತ ತುಸು ಹೆಚ್ಚು ಎಂದಿಟ್ಟುಕೊಂಡರೆ ಬಾಗಿಲಿನ ಅಂಚಿನ ಮೇಲೆ 300 ಕಿಲೋಗೂ ಮಿಕ್ಕಿದ ಭಾರ. ಅದನ್ನು ಹಿಡಿದಿರುವುದು ಕಿರುಬೆರಳಿಗಿಂತ ತೆಳುವಾದ ಎರಡು ಕೇಬಲ್, ಎರಡು ಕೀಲು. ಸರಕು ಏರಿಸಿ ಇಳಿಸುವಾಗ ಕ್ಷಣಕಾಲ ತಡೆಯಲಿ ಎಂದು ಮಾಡಿದ ಬಾಗಿಲಿನ ಮೇಲೆ ಗಂಟೆಗೆ 65 ಮೈಲಿ ವೇಗದಲ್ಲಿ, ಸೇತುವೆಯ ಪ್ರತಿ ಜಾಯಿಂಟಿನಲ್ಲೂ ಆ ಭಾರ ಕುಕ್ಕುತ್ತದೆ. ಕುಕ್ಕಿದಾಗ ಬೀಳುವ ಹೊಡೆತ ನಿಂತ ತೂಕಕ್ಕಿಂತ ಎಷ್ಟೋ ಹೆಚ್ಚು. ಕೇಬಲ್ ಕಿತ್ತರೆ ಯಂತ್ರ ಬೀಳುವುದು ಹಿಂದೆ ಬರುತ್ತಿರುವ ಕಾರಿನ ಮುಂದೆ.

ಬಾಗಿಲು ಗಟ್ಟಿ ಇದೆ, ತಡೆಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಇನ್ನೊಂದು ತೊಂದರೆ ಉಳಿಯುತ್ತದೆ. ಎತ್ತಿನಗಾಡಿಗೆ ಹುಲ್ಲು ಹೇರಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ: ಹೊರೆ ಅಚ್ಚಿಗಿಂತ ಹಿಂದಕ್ಕೆ ಜಾರಿದರೆ ಗಾಡಿ ಹಿಂಭಾರವಾಗಿ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಪಿಕಪ್ಪಿಗೂ ಅದೇ ಧರ್ಮ. ಯಂತ್ರದ ತೂಕದ ನಡುಬಿಂದು ಟ್ರಕ್ಕಿನ ಹಿಂದಿನ ಆಕ್ಸಲ್‌ಗಿಂತ ಎರಡಡಿ ಹಿಂದೆ ಇದೆ, ಟ್ರಕ್ಕಿನ ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ದೂರ) 145 ಇಂಚು ಎಂದು ಹಿಡಿದರೆ ಮುಂದಿನ ಚಕ್ರಗಳ ಮೇಲಿಂದ ಸುಮಾರು 200 ಪೌಂಡ್ ಭಾರ ಮೇಲೆದ್ದು ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಯಂತ್ರದ 1,200ರ ಜೊತೆಗೆ ಆ 200ನ್ನೂ ಸೇರಿಸಿ 1,400 ಪೌಂಡ್ ಬೀಳುತ್ತದೆ. ಹೊತ್ತ ಹೊರೆಗಿಂತ ಹೆಚ್ಚು ಭಾರ ಒಂದೇ ಆಕ್ಸಲ್ ಮೇಲೆ! ಟ್ರಕ್ಕಿನ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಮುಂಚಕ್ರದ ಹಿಡಿತ ಕಡಿಮೆಯಾಗುತ್ತದೆ.

ಇನ್ನು ಒಟ್ಟು ತೂಕ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಬಿಳಿ ಬಣ್ಣದ ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಜಾಹೀರಾತಿನ ದೊಡ್ಡ ಅಂಕಿ ಯಾವುದೋ ಸರಳ ಮಾದರಿಯದು. ಸ್ಟಿಕ್ಕರಿನ ಅಂಕಿ ನಿಮ್ಮದೇ ಟ್ರಕ್ಕಿನದು. ನಿಮ್ಮದು 1,600 ಎನ್ನೋಣ. ಕಂಪನಿ ಹೇಳುವ ಯಂತ್ರದ ತೂಕ ಸಾಮಾನ್ಯವಾಗಿ ಪೆಟ್ರೋಲ್ ಇಲ್ಲದ್ದು, ಮೇಲ್ಛಾವಣಿ, ಗಾಜು, ವಿಂಚ್ (ಹಗ್ಗ ಸುತ್ತಿ ಎಳೆಯುವ ಮೋಟಾರು) ಇಲ್ಲದ್ದು. ಅವೆಲ್ಲ ಸೇರಿ 1,200 ಇದ್ದದ್ದು 1,300 ಆಯಿತು. ಗಂಡ ಹೆಂಡತಿ ಇಬ್ಬರೇ ಹೊರಟರೂ 300. ಅಲ್ಲಿಗೆ ಲೆಕ್ಕ ಚುಕ್ತಾ. ರ‍್ಯಾಂಪ್, ನೀರಿನ ಕ್ಯಾನು, ಐಸ್ ಪೆಟ್ಟಿಗೆ, ಟೂಲ್ ಬಾಕ್ಸ್, ಹಿಂದಿನ ಸೀಟಿನ ಮಕ್ಕಳು, ಎಲ್ಲವೂ ಮಿತಿಯಾಚೆ.

ಬೆಡ್ಡಿನಲ್ಲಿ ಹೊರುವುದೇ ತಪ್ಪೇ? ಖಂಡಿತ ಅಲ್ಲ. ಸರಿಯಾದ ಜೋಡಿ ಸಿಕ್ಕಾಗ ಅದೊಂದು ಸೊಗಸು. ಯೂಟಾದ ಮೋಆಬ್‌ನಲ್ಲಿ ಒಬ್ಬ ಹಿರಿಯರು ಏರಿಸುವುದನ್ನು ನಿಂತು ನೋಡಿದ್ದೇನೆ. ಹಳೆಯ ಎಂಟಡಿ ಬೆಡ್ಡಿನ ಟ್ರಕ್, 50 ಇಂಚಿನ ಯಂತ್ರ. ಮೊದಲು ಟ್ರಕ್ಕಿನ ಹಿಂಚಕ್ರಗಳನ್ನು ರಸ್ತೆ ಬದಿಯ ತಗ್ಗಿಗೆ ಇಳಿಸಿದರು. ಬೆಡ್ ಅಷ್ಟು ಕೆಳಗೆ ಬಂತು. ಬಿಲ್ಲಿನಂತೆ ಬಾಗಿದ ಅಲ್ಯೂಮಿನಿಯಂ ರ‍್ಯಾಂಪನ್ನು ಇಟ್ಟು, ಅದು ಹಿಂದಕ್ಕೆ ಒದೆಯದಂತೆ ಸರಪಳಿಯಿಂದ ಟ್ರಕ್ಕಿನ, ಟ್ರೇಲರ್ ಸಿಕ್ಕಿಸುವ ಹಿಚ್‌ಗೆ ಕಟ್ಟಿದರು. ಯಂತ್ರದ ಮೂತಿಯಲ್ಲೇ ಇದ್ದ ವಿಂಚಿನ ಹಗ್ಗವನ್ನು ಎಳೆದು, ಬೆಡ್ಡಿನ ಮುಂದೆ ಚಾಸಿಗೆ ಸೇರಿಸಿ ಕೂರಿಸಿದ್ದ ಕೊಂಡಿಗೆ ಸಿಕ್ಕಿಸಿದರು. ಹಗ್ಗದ ನಡುವೆ ಒಂದು ದಪ್ಪ ಗೋಣಿ ಹೊದಿಸಿದರು, ಕಿತ್ತರೂ ಅದು ಚಾಟಿಯಾಗದಿರಲಿ ಎಂದು. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಸ್ಟೀರಿಂಗ್ ನೆಟ್ಟಗೆ ಮಾಡಿ, ರಿಮೋಟ್ ಹಿಡಿದು ಪಕ್ಕಕ್ಕೆ ಬಂದು ನಿಂತರು. ಸೀಟಿನಲ್ಲಿ ಯಾರೂ ಇಲ್ಲ. ಯಂತ್ರ ಒಂದೊಂದೇ ಗೇಣು ಏರಿ ಒಳಗೆ ಕೂತಿತು. ಒಂದು ಸಲವೂ ಎಂಜಿನ್ ಗುರುಗುಟ್ಟಲಿಲ್ಲ.

ಆ ನಿಧಾನಕ್ಕೆ ಅರ್ಥವಿದೆ. ಬೆಡ್ಡಿನ ತಳ ನೆಲದಿಂದ ಸುಮಾರು ಮೂರಡಿ ಎತ್ತರ. ಎಂಟಡಿಯ ರ‍್ಯಾಂಪಿಟ್ಟರೆ ಏರು 22 ಡಿಗ್ರಿ, ಏಳಡಿಯದಾದರೆ 25 ಡಿಗ್ರಿ. ಆ ಏರಿನಲ್ಲಿ ಗ್ಯಾಸ್ ತುಸು ಹೆಚ್ಚಾದರೂ ಚಕ್ರ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ, ಇಲ್ಲವೇ ಯಂತ್ರ ಕ್ಯಾಬಿನ್ನಿನ ಹಿಂಗಾಜಿಗೆ ಹೋಗಿ ಗುದ್ದುತ್ತದೆ.

ಬಿಗಿಯುವ ಪಟ್ಟಿಯ ಮೇಲೆ ಎರಡು ಅಂಕಿಗಳಿರುತ್ತವೆ. ದಪ್ಪಕ್ಷರದ್ದು ಸಾಮಾನ್ಯವಾಗಿ ಕಿತ್ತುಹೋಗುವ ಬಲ. ಬಳಸಬೇಕಾದ ಬಲ ಅದರ ಮೂರರಲ್ಲೊಂದು ಪಾಲು. ಎರಡಿಂಚಿನ ರ‍್ಯಾಚೆಟ್ ಪಟ್ಟಿ 10,000 ಪೌಂಡಿಗೆ ಕಿತ್ತರೆ ಅದರ ಕೆಲಸದ ಮಿತಿ 3,333. ಸರಕು ಲಾರಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಹೇಳುವಂತೆ, ಕಟ್ಟಿದ ಹೊರೆ ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಮುಂದಕ್ಕೆ, ಶೇಕಡಾ 50ರಷ್ಟು ಬಲದಿಂದ ಹಿಂದಕ್ಕೂ ಪಕ್ಕಕ್ಕೂ ನೂಕಿದರೂ ತಡೆಯಬೇಕು. ಹವ್ಯಾಸಿಗೆ ಆ ಕಾನೂನು ಅನ್ವಯಿಸದಿದ್ದರೂ ಭೌತಶಾಸ್ತ್ರ ಅನ್ವಯಿಸುತ್ತದೆ. ನಾಲ್ಕು ಮೂಲೆಗೆ ನಾಲ್ಕು ಪಟ್ಟಿ ಇರಲಿ. ಅವನ್ನು ಯಂತ್ರದ ಪಂಜರಕ್ಕೆ ಕಟ್ಟಬೇಡಿ, ಚಕ್ರಕ್ಕೋ ಚಕ್ರ ಹಿಡಿದಿರುವ ಕೆಳತೋಳಿಗೋ ಕಟ್ಟಿ. ಪಂಜರಕ್ಕೆ ಕಟ್ಟಿದರೆ ಗುಂಡಿಗೆ ಬಿದ್ದಾಗಲೆಲ್ಲ ಸಸ್ಪೆನ್ಷನ್ ಅದುಮಿ, ಪಟ್ಟಿ ಸಡಿಲಾಗಿ, ಕೊಕ್ಕೆ ಕಳಚುತ್ತದೆ. ನೈಲಾನಿಗಿಂತ ಪಾಲಿಯೆಸ್ಟರ್ ಪಟ್ಟಿ ಒಳ್ಳೆಯದು, ಅದು ಕಡಿಮೆ ಹಿಗ್ಗುತ್ತದೆ. ಹೊರಟ ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ನಾಲ್ಕನ್ನೂ ಕೈಯಿಂದ ಎಳೆದು ನೋಡಬೇಕು. ಎತ್ತರವನ್ನೂ ನೆನಪಿಡಿ: ಬೆಡ್ಡಿನ ಮೇಲೆ ನಿಂತ ಯಂತ್ರದ ನೆತ್ತಿ ಒಂಬತ್ತಡಿಯ ಹತ್ತಿರ ಬರುತ್ತದೆ. ಮಾಲ್‌ಗಳ ಪಾರ್ಕಿಂಗ್ ಕಟ್ಟಡ, ಕಾಫಿಯ ಡ್ರೈವ್-ಥ್ರೂ ಅಂದಿಗೆ ಬೇಡ.

ಗಿಡ್ಡ ಬೆಡ್ಡಿನ ಮೇಲೆಯೇ ಒಯ್ಯಬೇಕೆನ್ನುವವರಿಗಾಗಿ ಮಾರುಕಟ್ಟೆಯಲ್ಲಿ ಬೆಡ್ಡಿನ ಗೋಡೆಗಳ ಮೇಲೆ ಕೂರುವ ಅಟ್ಟಗಳಿವೆ. ಅಗಲದ ತಾಪತ್ರಯ ಅದರಿಂದ ತೀರುತ್ತದೆ. ಆದರೆ ಅಟ್ಟದ ತೂಕವೂ ಸ್ಟಿಕ್ಕರಿನ ಲೆಕ್ಕಕ್ಕೇ ಸೇರುತ್ತದೆ, ಭಾರ ಇನ್ನೂ ಎರಡಡಿ ಮೇಲೇರಿ ತಿರುವಿನಲ್ಲಿ ಟ್ರಕ್ ವಾಲುತ್ತದೆ, ರ‍್ಯಾಂಪ್ ಇನ್ನಷ್ಟು ಉದ್ದ ಬೇಕಾಗುತ್ತದೆ. ಮುಕ್ಕಾಲು ಟನ್, ಒಂದು ಟನ್ ಎಂದು ಕರೆಯುವ ಭಾರಿ ದರ್ಜೆಯ ಟ್ರಕ್ಕಿಗೆ ಅದು ಹೊಂದುತ್ತದೆ. ಎಫ್-150ಯಂಥ ಸಂಸಾರದ ಅರ್ಧ ಟನ್ನಿನ ಟ್ರಕ್ಕಿಗೆ ನಾನು ಅದನ್ನು ಶಿಫಾರಸು ಮಾಡಲಾರೆ.

ಅಂಥ ಟ್ರಕ್ಕಿಗೆ ಒಪ್ಪುವುದು ಹನ್ನೆರಡು ಅಡಿಯ, ಒಂದೇ ಆಕ್ಸಲ್‌ನ ತೆರೆದ ಟ್ರೇಲರ್. ಲೆಕ್ಕ ನೋಡಿ. ಯಂತ್ರವೂ ಟ್ರೇಲರೂ ಸೇರಿ 2,100 ಪೌಂಡ್ ತೂಗಿದರೆ ಅದರ ಮೂತಿ ಟ್ರಕ್ಕಿನ ಹಿಚ್ ಮೇಲೆ ಊರಬೇಕಾದದ್ದು ಶೇಕಡಾ 10ರಿಂದ 15, ಅಂದರೆ ಹೆಚ್ಚೆಂದರೆ 315 ಪೌಂಡ್. ಬೆಡ್ಡಿನಲ್ಲಿಟ್ಟಿದ್ದರೆ 1,300 ಪೌಂಡ್ ನುಂಗುತ್ತಿದ್ದ ಅದೇ ಯಂತ್ರ ಸ್ಟಿಕ್ಕರಿನಿಂದ ಈಗ ಅದರ ಕಾಲು ಭಾಗವನ್ನಷ್ಟೇ ಕೇಳುತ್ತದೆ. ಮಕ್ಕಳಿಗೂ ಸಾಮಾನಿಗೂ ಜಾಗವಾಯಿತು. ಎಲ್ಲಕ್ಕಿಂತ ದೊಡ್ಡ ಲಾಭ, ಯಂತ್ರವನ್ನು ಟ್ರೇಲರ್ ಮೇಲೆ ಅರ್ಧ ಅಡಿ ಮುಂದೆ, ಅರ್ಧ ಅಡಿ ಹಿಂದೆ ಸರಿಸಿ ಭಾರವನ್ನು ಬೇಕಾದಲ್ಲಿ ಕೂರಿಸಬಹುದು. ಮೂತಿ ಹಗುರವಾದರೆ ಟ್ರೇಲರ್ ಹಾವಿನಂತೆ ಹೊರಳಾಡುತ್ತದೆ. ತುಸು ಮುಂದೆ ತಂದರೆ ತಣ್ಣಗೆ ಹಿಂಬಾಲಿಸುತ್ತದೆ. ಗಿಡ್ಡ ಬೆಡ್ ಈ ಸ್ವಾತಂತ್ರ್ಯ ಕೊಡುವುದಿಲ್ಲ. ಅಲ್ಲಿ ಯಂತ್ರ ಎಲ್ಲಿ ಹಿಡಿಸುತ್ತದೋ ಅಲ್ಲೇ ಭಾರ.

ಹಿಂದೆ ಕ್ಯಾಂಪರ್ ಎಳೆಯಬೇಕು, ಅದಕ್ಕೇ ಯಂತ್ರ ಬೆಡ್ಡಿನಲ್ಲಿರಲಿ ಎನ್ನುವವರೂ ಇದ್ದಾರೆ. ಅವರು ಕ್ಯಾಂಪರಿನ ಮೂತಿಭಾರವೂ ಅದೇ ಸ್ಟಿಕ್ಕರಿನಿಂದ ಕಳೆಯುತ್ತದೆಂಬುದನ್ನು ಮರೆಯಬಾರದು. ಎರಡನ್ನೂ ಅರ್ಧ ಟನ್ನಿನ ಟ್ರಕ್ ಹೊರಲಾರದು. ಅವರಿಗೆ ಹಿಂಭಾಗದಲ್ಲಿ ಗ್ಯಾರೇಜಿರುವ ಟಾಯ್ ಹಾಲರ್ ಮತ್ತು ಅದನ್ನು ಎಳೆಯಬಲ್ಲ ಟ್ರಕ್ ಬೇಕು.

ಆದ್ದರಿಂದ ನನ್ನ ಸಲಹೆಯ ಕ್ರಮ ಇದು. ಶೋರೂಮಿಗೆ ಹೋಗುವ ಮೊದಲು ನಿಮ್ಮ ಟ್ರಕ್ಕಿನ ಬಾಗಿಲು ತೆರೆದು ಆ ಸ್ಟಿಕ್ಕರ್ ಓದಿ. ಆಮೇಲೆ ಯಾವ ಟ್ರೇಲಿಗೆ ಹೋಗುವಿರೋ ಅದಕ್ಕೆ ತಕ್ಕ ಯಂತ್ರ ಆರಿಸಿ. ಟ್ರೇಲರ್ ಮತ್ತು ಒಳ್ಳೆಯ ಪಟ್ಟಿಗಳ ದುಡ್ಡನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ ಬಜೆಟ್ ಮಾಡಿ, ಆಮೇಲೆ ನೋಡೋಣ ಎಂದು ಬಿಡಬೇಡಿ. ದೊಡ್ಡ ಎಂಜಿನ್ನಿನ ಮಾದರಿ ಬಿಟ್ಟು ಒಂದು ಮೆಟ್ಟಿಲು ಕೆಳಗಿನದನ್ನು ಕೊಂಡು, ಉಳಿದ ಹಣದಲ್ಲಿ ಟ್ರೇಲರ್ ತಂದವನು ಮೋಆಬ್‌ನ ಬಂಡೆಗಳನ್ನು ಹೆಚ್ಚು ಸಲ ನೋಡುತ್ತಾನೆ. ಟ್ರೇಲಿನಲ್ಲಿ ಆಗುವ ಅಪಾಯವನ್ನು ನಾವು ನಮ್ಮಿಷ್ಟದಿಂದ ಮೈಮೇಲೆ ಎಳೆದುಕೊಂಡಿರುತ್ತೇವೆ. ಹೆದ್ದಾರಿಯಲ್ಲಿ ನಮ್ಮ ಹೊರೆಯ ಹಿಂದೆ ಬರುವವರು ಹಾಗೆ ಯಾವುದನ್ನೂ ಒಪ್ಪಿಕೊಂಡಿರುವುದಿಲ್ಲ. ಹೊರೆ ಕಟ್ಟುವಾಗ ಮೊದಲು ನೆನೆಯಬೇಕಾದದ್ದು ಅವರನ್ನು.